ಗೋಲು ಹೊಡೆಯದ ಹುಡುಗನಿಗೂ ಜಾಗ ಇದೆ

ಸರ್, ಮಗನಿಗೆ 15 ವರ್ಷ, ಸುಂಟಿಕೊಪ್ಪದಲ್ಲಿ ಫುಟ್‌ಬಾಲ್ ಆಡ್ತಾನೆ, ಮಿಡ್‌ಫೀಲ್ಡ್ ಅಂದ್ರೆ ಮೈದಾನದ ಮಧ್ಯದ ಜಾಗ, ಗೋಲು ಕಮ್ಮಿ, ಹಾಕಿಗೆ ಸೇರಿಸಲಾ ಅಂತ ಕೇಳಿದ್ದೀರಿ. ಈಗಲೇ ಬಿಡಿಸಬೇಡಿ. ಕೊಡಗಲ್ಲಿ ಹಾಕಿಗೆ ದಾರಿ ಸುಲಭ, ನಿಜ. ಆದ್ರೆ ಹುಡುಗನ ಮನಸ್ಸು ಫುಟ್‌ಬಾಲ್ ಮೇಲಿದೆ ಅಲ್ವಾ?

ಮಿಡ್‌ಫೀಲ್ಡ್ ಆಟಗಾರ ಸುರೇಶ್ ಸಿಂಗ್ ವಾಂಗ್ಜಮ್ ಅವರನ್ನೇ ನೋಡಿ. ಮಣಿಪುರದ ಹುಡುಗ, ಹುಟ್ಟಿದ್ದು 2000ದಲ್ಲಿ. 2017ರ 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಭಾರತಕ್ಕೆ ಆಡಿದರು. ಮೂರೂ ಪಂದ್ಯ ಸೋತರು. ಆಮೇಲೆ ದೇಶದ ಕ್ಲಬ್‌ಗಳು ಆಡೋ ಐ-ಲೀಗ್‌ನಲ್ಲಿ ಇಂಡಿಯನ್ ಆ್ಯರೋಸ್. ಬರೀ ಚಿಕ್ಕ ವಯಸ್ಸಿನ ಹುಡುಗರ ಟೀಮು, ಸುರೇಶ್ ಅವರ ಮೊದಲ ಸೀಸನ್‌ನಲ್ಲಿ ಪಟ್ಟಿಯ ಕೊನೆಗೆ ಇತ್ತು. ಆದರೆ ದೊಡ್ಡವರ ಎದುರು ಪೂರ್ತಿ ಪಂದ್ಯ ಆಡೋ ಅವಕಾಶ ಅಲ್ಲೇ ಸಿಕ್ಕಿದ್ದು. ನನ್ನ ಪ್ರಕಾರ ಅವರನ್ನು ಬೆಳೆಸಿದ್ದೇ ಅದು. 2019ರಲ್ಲಿ ಬೆಂಗಳೂರು ಎಫ್‌ಸಿ, 2021ರ ಮಾರ್ಚ್‌ನಲ್ಲಿ ಒಮಾನ್ ವಿರುದ್ಧ ಭಾರತದ ಸೀನಿಯರ್ ಟೀಮು. ಅದೇ ವರ್ಷ ದಕ್ಷಿಣ ಏಷ್ಯಾ ದೇಶಗಳ ಸ್ಯಾಫ್ ಟೂರ್ನಿಯ ಫೈನಲ್‌ನಲ್ಲಿ ನೇಪಾಳದ ಮೇಲೆ ಗೋಲನ್ನೂ ಹೊಡೆದರು. ಆದರೂ ಅವರ ಹೆಸರು ಬಂದಿದ್ದು ಗೋಲಿನಿಂದಲ್ಲ, ದಣಿಯದೆ ಓಡಿ ಎದುರಾಳಿಯಿಂದ ಚೆಂಡು ಕಿತ್ತುಕೊಳ್ಳೋದರಿಂದ.

ಮಗನ ಆಟದಲ್ಲಿ ಎರಡು ವಿಷಯ ಗಮನಿಸಿ. ಚೆಂಡು ಬರೋ ಮೊದಲೇ ತಲೆ ತಿರುಗಿಸಿ ಸುತ್ತ ನೋಡ್ತಾನಾ? ಚೆಂಡು ಕಳೆದುಕೊಂಡ ತಕ್ಷಣ ವಾಪಸ್ ಓಡ್ತಾನಾ? ಇವೆರಡೂ ಇದ್ರೆ ಬೆಂಗಳೂರಿನಲ್ಲಿ ಕ್ಲಬ್‌ಗಳ ಜೂನಿಯರ್ ಟ್ರಯಲ್ಸ್‌ಗೆ ಖಂಡಿತ ಕರೆದುಕೊಂಡು ಹೋಗಿ. ಜೂನ್‌ನಿಂದ ಮಳೆಗೆ ಮೈದಾನ ಸಿಗಲ್ಲ, ಆಗ ಮನೆ ಗೋಡೆಗೆ ಎಡಗಾಲು ಬಲಗಾಲು ಎರಡರಲ್ಲೂ ಪಾಸ್ ಹೊಡೆಯಲಿ. ಹತ್ತನೇ ಕ್ಲಾಸು ಮಾತ್ರ ತಪ್ಪಿಸಬೇಡಿ.