ಆರು ಸೋಲಿನ ಮೇಲೆ ಬಡ್ತಿಯ ಲೆಕ್ಕ

ಪತ್ರ (ಸೆಪ್ಟೆಂಬರ್ 2025): "ಸಂಪಾದಕರಿಗೆ ನಮಸ್ಕಾರ. ನಾನು ತೋರಣಗಲ್ಲಿನ ಸ್ಟೀಲ್ ಪ್ಲಾಂಟ್‌ನಲ್ಲಿ ಕೆಲಸ ಮಾಡ್ತೀನಿ. ಇಂಗ್ಲೆಂಡಿನ ಶೆಫೀಲ್ಡ್ ಕೂಡ ಉಕ್ಕಿನ ಊರು ಅಂತ ಕೇಳಿ ಅಲ್ಲಿನ ಫುಟ್‌ಬಾಲ್ ತಂಡ ಶೆಫೀಲ್ಡ್ ಯುನೈಟೆಡ್ ಹುಚ್ಚು ಹತ್ತಿಸಿಕೊಂಡೋನು. ಮೊನ್ನೆ ಚಾರ್ಲ್ಟನ್ ಕೈಲೂ ನಮ್ಮ ಮನ್ಯಾಗೇ ಸೋತ್ವಿ. ಆರು ಪಂದ್ಯ, ಸೊನ್ನೆ ಅಂಕ. ಗೋಲ್ ಹೊಡಿಯೋರೇ ಇಲ್ಲ, ಸ್ಟ್ರೈಕರ್ ಕೀಫರ್ ಮೂರ್‌ನ ಮಾರಿದ್ದೇ ದೊಡ್ಡ ತಪ್ಪು ಅಂತ ನನ್ನ ಲೆಕ್ಕ. ಹೆಂಗೂ ಹಳೇ ಕೋಚ್ ಕ್ರಿಸ್ ವೈಲ್ಡರ್ ವಾಪಸ್ ಬಂದಾರ. ಜನವರಿಯಾಗ ಒಬ್ಬ ಒಳ್ಳೆ ಸ್ಟ್ರೈಕರ್ ಸಿಕ್ಕರೆ ಮೊದಲ ಎರಡು ಸ್ಥಾನ ಗ್ಯಾರಂಟಿ. ನೀವೇನಂತೀರಿ? ಇನ್ನೊಂದು ಮಾತು: ಬೆಂಗಳೂರು ಎಫ್‌ಸಿ ಅಕಾಡೆಮಿ ನಮ್ಮ ಪಕ್ಕದಾಗೇ ಐತಿ. ಬಳ್ಳಾರಿಯ ಕ್ಲಬ್ಬೊಂದು ಹಿಂಗೇ ಮೆಟ್ಲು ಹತ್ತಿ ಮೇಲೆ ಹೋಗಬಹುದಾ? ರಾತ್ರಿ ಪಂದ್ಯದ ಟೈಮೂ ಹೇಳಿ, ಶಿಫ್ಟ್ ಬದಲಿಸಿಕೊಳ್ಳಬೇಕು."

ಉತ್ತರ:

ಪ್ರಿಯ ಓದುಗರೇ,

"ಗ್ಯಾರಂಟಿ" ಅನ್ನುವ ಮಾತನ್ನು ಮೊದಲು ಪಕ್ಕಕ್ಕಿಡಿ. ನಿಮ್ಮ ತಂಡ ಆಡುವ ಚಾಂಪಿಯನ್‌ಷಿಪ್‌ನಲ್ಲಿ (ಪ್ರೀಮಿಯರ್ ಲೀಗ್‌ನ ಕೆಳಗಿನ, ಇಂಗ್ಲೆಂಡಿನ ಎರಡನೇ ದರ್ಜೆಯ ಲೀಗ್) 24 ತಂಡ, ತಂಡಕ್ಕೆ 46 ಪಂದ್ಯ. ಮೊದಲ ಎರಡು ತಂಡಗಳಿಗೆ ನೇರ ಬಡ್ತಿ. ಮೂರರಿಂದ ಆರನೇ ಸ್ಥಾನದವರೆಗಿನ ನಾಲ್ವರು ಪ್ಲೇಆಫ್ ಆಡಿ ಉಳಿದ ಒಂದು ಜಾಗಕ್ಕೆ ಬಡಿದಾಡುತ್ತಾರೆ. ಎರಡನೇ ಸ್ಥಾನಕ್ಕೆ ಎಷ್ಟು ಅಂಕ ಬೇಕಾಗಿತ್ತು ನೋಡಿ: 2021–22ರಲ್ಲಿ ಬೋರ್ನ್‌ಮತ್ 88, ಮರುವರ್ಷ ನಿಮ್ಮದೇ ತಂಡ 91, ಆಮೇಲೆ ಇಪ್ಸ್‌ವಿಚ್ 96, ಕಳೆದ ಸೀಸನ್ನಿನಲ್ಲಿ (2024–25) ಬರ್ನ್ಲಿ 100. ವರ್ಷದಿಂದ ವರ್ಷಕ್ಕೆ ಏರುತ್ತಲೇ ಇದೆ. ಈ ಸಲ ಅದು 90ಕ್ಕೆ ಇಳಿಯುತ್ತದೆ ಅಂತ ಉದಾರವಾಗಿಯೇ ಹಿಡಿಯೋಣ. ಉಳಿದ 40 ಪಂದ್ಯಗಳಲ್ಲಿ 90 ಅಂಕ ಅಂದರೆ ಪಂದ್ಯಕ್ಕೆ 2.25, ಅಂದರೆ 28 ಗೆಲುವು, 6 ಡ್ರಾ, 6 ಸೋಲು. ಕಳೆದ ವರ್ಷ ಇಡೀ ಸೀಸನ್ ಚೆನ್ನಾಗಿ ಆಡಿದ ಶೆಫೀಲ್ಡ್ ಗಳಿಸಿದ್ದು 46 ಪಂದ್ಯಕ್ಕೆ 92, ಸರಿಯಾಗಿ ಎರಡರ ಸರಾಸರಿ. (ಬೇರೆ ಕ್ಲಬ್ಬುಗಳಿಗೆ ಕೊಡಬೇಕಾದ ಹಣ ಬಾಕಿ ಉಳಿಸಿಕೊಂಡಿದ್ದಕ್ಕೆ 2 ಅಂಕ ಕಿತ್ತು ಪಟ್ಟಿಯಲ್ಲಿ 90 ಉಳಿಯಿತು. ಅಭಿಮಾನಿಗಳು ಈಗಲೂ ಆ ಎರಡು ಅಂಕಕ್ಕೆ ಕೊರಗುತ್ತಾರೆ. ಲೀಡ್ಸ್, ಬರ್ನ್ಲಿ ಎರಡೂ 100 ತಲುಪಿದ್ದರಿಂದ 92 ಇದ್ದರೂ ಮೂರನೇ ಸ್ಥಾನವೇ.) ನೀವು ಕೇಳುತ್ತಿರುವುದು ಅದಕ್ಕಿಂತ ಬಿರುಸಿನ ಓಟ. ಆಗುವುದಿಲ್ಲ ಅನ್ನುವುದೇ ನನ್ನ ಅಭಿಪ್ರಾಯ.

ಆರನೇ ಸ್ಥಾನದ ಕಥೆ ಬೇರೆ. ಅದೇ ನಾಲ್ಕು ವರ್ಷಗಳಲ್ಲಿ ಅದಕ್ಕೆ ಸಾಕಾದದ್ದು 75, 69, 73, 68. ನಲವತ್ತು ಪಂದ್ಯಗಳನ್ನು ಎಂಟೆಂಟರಂತೆ ಐದು ಕಂತು ಮಾಡಿಕೊಳ್ಳಿ. ಪ್ರತಿ ಕಂತಿಗೆ 14 ಅಂಕ, ಅಂದರೆ 4 ಗೆಲುವು, 2 ಡ್ರಾ, 2 ಸೋಲು. ಐದು ಕಂತಿಗೆ 70. ಮೊದಲ ಕಂತಿನಲ್ಲಿ 11ಕ್ಕೇ ನಿಂತರೂ ಮುಂದೆ ತುಂಬಿಕೊಳ್ಳಬಹುದು. 8ಕ್ಕೆ ನಿಂತರೆ ಬಡ್ತಿಯ ಮಾತು ಬಿಟ್ಟು ಕೆಳಗಿನ ಮೂರು ಸ್ಥಾನಗಳತ್ತ ಕಣ್ಣಿಡಬೇಕಾಗುತ್ತದೆ. ಪಂದ್ಯ ಪಂದ್ಯಕ್ಕೂ ಪಟ್ಟಿ ನೋಡಿ ಎದೆ ಬಡಿದುಕೊಳ್ಳುವ ಬದಲು ಈ ಕಂತಿನ ಲೆಕ್ಕ ಬರೆದಿಡಿ.

ಇಂಥ ಆರಂಭದಿಂದ ಎದ್ದು ಬಂದವರು ಇದ್ದಾರಾ ಅಂದರೆ ಇದ್ದಾರೆ, ಅದೂ ಇತ್ತೀಚೆಗೆ. 2021–22ರಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಮೊದಲ ಏಳು ಪಂದ್ಯಗಳಲ್ಲಿ ಒಂದೇ ಅಂಕ ಗಳಿಸಿ ಕೊನೆಯ ಸ್ಥಾನದಲ್ಲಿತ್ತು. ಸೆಪ್ಟೆಂಬರ್‌ನಲ್ಲಿ ಕೋಚ್ ಕ್ರಿಸ್ ಹ್ಯೂಟನ್ ಹೋಗಿ ಸ್ಟೀವ್ ಕೂಪರ್ ಬಂದರು. ಉಳಿದ 39 ಪಂದ್ಯಗಳಲ್ಲಿ 79 ಅಂಕ ಗಳಿಸಿ, ಒಟ್ಟು 80ರೊಂದಿಗೆ ನಾಲ್ಕನೇ ಸ್ಥಾನಕ್ಕೆ ಬಂದು, ಪ್ಲೇಆಫ್ ಫೈನಲ್‌ನಲ್ಲಿ ಹಡರ್ಸ್‌ಫೀಲ್ಡನ್ನು 1–0ಯಿಂದ ಸೋಲಿಸಿ ಮೇಲೆ ಹೋದರು. ಗಮನಿಸಿ, ಅಷ್ಟು ಚೆನ್ನಾಗಿ ಆಡಿದರೂ ನೇರ ಬಡ್ತಿ ಸಿಗಲಿಲ್ಲ. ಕೂಪರ್ ಹಿಂದೆ ಮೂವರು ಸೆಂಟರ್ ಬ್ಯಾಕ್‌ಗಳನ್ನು (ಗೋಲಿನ ಮುಂದೆ ನಡುವೆ ನಿಲ್ಲುವ ಡಿಫೆಂಡರ್‌ಗಳು) ನಿಲ್ಲಿಸಿದರು, ಬಲಬದಿಯನ್ನು ಮಿಡಲ್ಸ್‌ಬರೋದಿಂದ ಲೋನ್ ಮೇಲೆ (ಅಂದರೆ ಎರವಲಾಗಿ) ಬಂದಿದ್ದ ಜೆಡ್ ಸ್ಪೆನ್ಸ್‌ಗೆ ಬಿಟ್ಟರು, ಮಧ್ಯದಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ನ ಜೇಮ್ಸ್ ಗಾರ್ನರ್‌ನನ್ನು ಖಾಯಂ ಮಾಡಿದರು. ಜನವರಿಯಲ್ಲಿ ಕೀನನ್ ಡೇವಿಸ್ ಎಂಬ ಸ್ಟ್ರೈಕರ್ ಬಂದದ್ದು ನಿಜ. ಆದರೆ ಅಷ್ಟು ಹೊತ್ತಿಗೆ ತಂಡದ ಬೆನ್ನೆಲುಬು ನೆಟ್ಟಗಾಗಿತ್ತು.

ಇನ್ನು ನಿಮ್ಮ ಮುಖ್ಯ ವಾದಕ್ಕೆ ಬರೋಣ. ಗೋಲ್ ಹೊಡೆಯುವವರಿಲ್ಲ ಅಂದಿರಿ. ಆರು ಪಂದ್ಯಕ್ಕೆ ಒಂದೇ ಗೋಲು, ದೂರು ಸುಳ್ಳಲ್ಲ. ಆದರೆ ಬ್ರಿಸ್ಟಲ್ ಸಿಟಿ ಎದುರಿನ 1–4, ಇಪ್ಸ್‌ವಿಚ್ ಎದುರಿನ 0–5 ಬಿಟ್ಟರೆ ಉಳಿದ ನಾಲ್ಕೂ (ಸ್ವಾನ್ಸಿ, ಮಿಲ್ವಾಲ್, ಮಿಡಲ್ಸ್‌ಬರೋ, ಚಾರ್ಲ್ಟನ್) 0–1. ಒಂದೊಂದು ಗೋಲು ಬಿಟ್ಟುಕೊಡದೇ ಇದ್ದಿದ್ದರೆ ಯಾರೂ ಗೋಲ್ ಹೊಡೆಯದೆಯೇ ನಾಲ್ಕು ಅಂಕ ಕೈಯಲ್ಲಿರುತ್ತಿತ್ತು. ಈ ಲೀಗಿನಲ್ಲಿ ಬಡ್ತಿ ಹುಟ್ಟುವುದು ಹಿಂದಿನ ಸಾಲಿನಲ್ಲಿ. ಕಳೆದ ಸೀಸನ್ನಿನ ಪಟ್ಟಿ ತೆಗೆದು ನಾರ್ವಿಚ್ ಮತ್ತು ಬರ್ನ್ಲಿಯನ್ನು ಅಕ್ಕಪಕ್ಕ ಇಡಿ. ನಾರ್ವಿಚ್ ಹೊಡೆದದ್ದು 71 ಗೋಲು, ಬರ್ನ್ಲಿ 69. ನಾರ್ವಿಚ್ ಬಿಟ್ಟುಕೊಟ್ಟದ್ದು 68, ಬರ್ನ್ಲಿ ಬರೀ 16. ಒಬ್ಬರು 57 ಅಂಕದೊಂದಿಗೆ 13ನೇ ಸ್ಥಾನ, ಇನ್ನೊಬ್ಬರು 100 ಅಂಕದೊಂದಿಗೆ ಪ್ರೀಮಿಯರ್ ಲೀಗ್. ನಿಮ್ಮ ತಂಡವೂ ಕಳೆದ ವರ್ಷ ಹೊಡೆದದ್ದು 63 ಮಾತ್ರ, ಬಿಟ್ಟುಕೊಟ್ಟದ್ದು 36. ಆ 36 ಈ ಸಲ ಆರೇ ಪಂದ್ಯಕ್ಕೆ 13 ಆಗಿದೆ.

ಯಾಕೆ ಹೀಗಾಯಿತು? ಹೋದವರ ಪಟ್ಟಿ ನೋಡಿ. ಡಿಫೆನ್ಸಿನ ಮುಂದೆ ನಿಂತು ಚೆಂಡು ಕಿತ್ತುಕೊಳ್ಳುತ್ತಿದ್ದ ವಿನಿಷಿಯಸ್ ಸೋಜಾ ಜರ್ಮನಿಯ ವೋಲ್ಫ್ಸ್‌ಬರ್ಗ್‌ಗೆ ಹೋದರು. ಸೆಂಟರ್ ಬ್ಯಾಕ್ ಅನೆಲ್ ಅಹ್ಮೆದ್‌ಹೊಡ್ಜಿಚ್ ಫೆಯೆನೂರ್ಡ್‌ಗೆ. ಇವರಿಬ್ಬರದು ಮಾರಾಟ. ಮಾರಾಟವಿಲ್ಲದೆಯೇ ಖಾಲಿಯಾದವರು ಇನ್ನೂ ಹೆಚ್ಚು: ಹ್ಯಾರಿ ಸೌಟರ್, ಹಮ್ಜಾ ಚೌಧರಿ, ರಾಬ್ ಹೋಲ್ಡಿಂಗ್, ಆಲ್ಫಿ ಗಿಲ್‌ಕ್ರಿಸ್ಟ್, ರಾಕ್-ಸಾಕಿ, ಬ್ರೆರೆಟನ್ ಡಿಯಾಸ್, ಎಲ್ಲರೂ ಲೋನ್ ಮೇಲೆ ಬಂದು ಅವಧಿ ಮುಗಿಸಿ ವಾಪಸ್ ಹೋದವರು. ಲೋನ್ ಆಟಗಾರರನ್ನು ನೆಚ್ಚಿಕೊಂಡು ಸೀಸನ್ ನಡೆಸಿದರೆ ಜೂನ್ ಬಂದಾಗ ಅರ್ಧ ತಂಡ ಹೊಸದಾಗಿ ಕಟ್ಟಬೇಕಾಗುತ್ತದೆ. ಈ ಸಲವೂ ಅದೇ ದಾರಿ: ಟೈಲರ್ ಬಿಂಡನ್, ಲೂಯಿ ಬ್ಯಾರಿ, ಚಿಯೆದೋಜಿ ಓಗ್ಬೆನೆ ಲೋನ್ ಮೇಲೇ ಬಂದಿದ್ದಾರೆ.

ಎರಡನೆಯದು ಸಮಯ. ನಿಮ್ಮ ತಂಡದ ಮೊದಲ ಪಂದ್ಯ ನಡೆದದ್ದು ಆಗಸ್ಟ್ 9ಕ್ಕೆ. ಬೆನ್ ಮೀ, ಜಾಫೆಟ್ ಟಂಗಂಗಾ, ಮಾರ್ಕ್ ಮೆಕ್‌ಗಿನೆಸ್ ಮೂವರೂ ಸೆಂಟರ್ ಬ್ಯಾಕ್, ಮೂವರೂ ಬಂದದ್ದು ಅದಾದ ಮೇಲೆ. ಜುಲೈನ ಅಭ್ಯಾಸ ಶಿಬಿರದಲ್ಲಿ ಒಂದು ದಿನವೂ ಒಟ್ಟಿಗೆ ಓಡಿದವರಲ್ಲ. ಸೆಂಟರ್ ಬ್ಯಾಕ್ ಜೋಡಿಗೆ ಇದು ಬಹಳ ಮುಖ್ಯ. ಎದುರಾಳಿ ಉದ್ದಕ್ಕೆ ಚೆಂಡು ಬಿಟ್ಟಾಗ ಒಬ್ಬ ಅದಕ್ಕೆ ಎಗರಬೇಕು, ಇನ್ನೊಬ್ಬ ಐದಾರು ಗಜ ಹಿಂದೆ ಸರಿದು ಅವನ ಬೆನ್ನು ಕಾಯಬೇಕು. ಯಾರು ಎಗರುವುದು, ಯಾರು ಸರಿಯುವುದು ಅನ್ನುವುದು ಕೂಗಿ ಹೇಳುವಷ್ಟು ಪುರುಸೊತ್ತಿನಲ್ಲಿ ನಡೆಯುವ ಕೆಲಸವಲ್ಲ. ಇಬ್ಬರೂ ಎಗರಿದರೆ ಹಿಂದೆ ಬಯಲು. ಇಬ್ಬರೂ ಸರಿದರೆ ಎದುರಾಳಿ ಸ್ಟ್ರೈಕರ್ ಆರಾಮಾಗಿ ಎದೆಯ ಮೇಲೆ ಚೆಂಡು ಇಳಿಸಿಕೊಳ್ಳುತ್ತಾನೆ. ಬೇಸಿಗೆಯಲ್ಲಿ ಬಂದಿದ್ದ ಕೋಚ್ ರೂಬೆನ್ ಸೆಲೆಸ್ ಇಂಥ ಹೊಸ ಸಾಲನ್ನು ಮೈದಾನದ ಮಧ್ಯದವರೆಗೆ ಮುಂದೊತ್ತಿ ಆಡಿಸಲು ಹೊರಟರು. ಐದು ಲೀಗ್ ಪಂದ್ಯ ಸೋತು ಕೆಲಸ ಕಳೆದುಕೊಂಡರು. ಅವರ ಯೋಚನೆ ಕೆಟ್ಟದ್ದಲ್ಲ, ಅದಕ್ಕೆ ಬೇಕಾದ ಸಾಮಾನು ಕೈಯಲ್ಲಿರಲಿಲ್ಲ.

ಕೀಫರ್ ಮೂರ್ ವಿಷಯದಲ್ಲಿ ಅರ್ಧ ನಿಮ್ಮ ಜೊತೆಗಿದ್ದೇನೆ. ರೆಕ್ಸ್‌ಹ್ಯಾಮ್‌ಗೆ ಅವರನ್ನು ಬಿಟ್ಟುಕೊಟ್ಟಾಗ ಹೋದದ್ದು ಗೋಲಿಗಿಂತ ಎತ್ತರ. ಒತ್ತಡದಲ್ಲಿ ಸಿಕ್ಕ ಡಿಫೆಂಡರ್ ಚೆಂಡನ್ನು ಎತ್ತಿ ಒಗೆದರೆ ಅದನ್ನು ತಲೆಯಲ್ಲೋ ಎದೆಯಲ್ಲೋ ನಿಲ್ಲಿಸುವವನೊಬ್ಬ ಮುಂದಿದ್ದ. ನಮ್ಮ ಪೆನಾಲ್ಟಿ ಬಾಕ್ಸಿಗೆ ಕಾರ್ನರ್ ಬಂದಾಗ ಮೊದಲ ಕಂಬದ ಹತ್ತಿರ ನಿಂತು ಹೊರಗೆ ಹೊಡೆಯುವವನೂ ಅವನೇ. ಡ್ಯಾನಿ ಇಂಗ್ಸ್, ಟಾಮ್ ಕ್ಯಾನನ್, ಟೈರೀಸ್ ಕ್ಯಾಂಪ್‌ಬೆಲ್ ಮೂವರಲ್ಲಿ ಯಾರೂ ಆ ಜಾತಿಯ ಆಟಗಾರರಲ್ಲ. ಅವರಿಗೆ ಚೆಂಡು ಕಾಲಿಗೇ ಬರಬೇಕು. ಇಂಗ್ಸ್‌ಗೆ ಈಗ 33. 2013–14ರಲ್ಲಿ ಬರ್ನ್ಲಿಯನ್ನು ಮೇಲೇರಿಸಿದ ಇಂಗ್ಸ್ ಸಿಗುತ್ತಾರೆಂದು ಕಾಯಬೇಡಿ. ಕಾಲಿಗೆ ಚೆಂಡು ಕೊಡಬಲ್ಲವರು ಗುಸ್ಟಾವೊ ಹೇಮರ್ ಮತ್ತು ಕ್ಯಾಲಮ್ ಒ'ಹೇರ್. ಅವರಿಬ್ಬರೂ ಮುಂದೆ ನಿಲ್ಲಬೇಕಾದರೆ ಹಿಂದೆ ಚೆಂಡು ಕಿತ್ತು ಕೊಡುವವನು ಬೇಕು. ಸೋಜಾ ಇಲ್ಲದ್ದರಿಂದ ಹೇಮರ್ ತಾವೇ ಕೆಳಗಿಳಿದು ಬರುತ್ತಾರೆ, ಗೋಲಿನಿಂದ 40 ಗಜ ದೂರವಾಗುತ್ತಾರೆ, ಸ್ಟ್ರೈಕರ್ ಒಂಟಿಯಾಗುತ್ತಾನೆ. ನಿಮಗೆ ಟಿವಿಯಲ್ಲಿ ಕಾಣುವುದು ಗೋಲ್ ಹೊಡೆಯದ ಸ್ಟ್ರೈಕರ್. ರೋಗ ಇರುವುದು ಮೂವತ್ತು ಗಜ ಹಿಂದೆ. ಹೀಗಾಗಿ ದುಡ್ಡಿದ್ದರೆ ಮೊದಲು ಕೊಳ್ಳಬೇಕಾದದ್ದು ಮಿಡ್‌ಫೀಲ್ಡಿನಲ್ಲಿ ಚೆಂಡು ಕೀಳುವವನನ್ನು, ಸ್ಟ್ರೈಕರ್‌ನನ್ನಲ್ಲ. ಮೇಲಾಗಿ ಜನವರಿ ಬರುವ ಹೊತ್ತಿಗೆ ನಮ್ಮ ನಲವತ್ತರಲ್ಲಿ ಹೆಚ್ಚುಕಡಿಮೆ ಇಪ್ಪತ್ತು ಪಂದ್ಯ ಮುಗಿದಿರುತ್ತವೆ.

ವೈಲ್ಡರ್ ಬಂದದ್ದು ಒಳ್ಳೆಯದೇ. 2017ರಲ್ಲಿ ಮೂರನೇ ದರ್ಜೆಯ ಲೀಗ್ ಒನ್‌ನಿಂದ 100 ಅಂಕದೊಂದಿಗೆ, 2019ರಲ್ಲಿ ಚಾಂಪಿಯನ್‌ಷಿಪ್‌ನಿಂದ 89 ಅಂಕದೊಂದಿಗೆ ಇದೇ ಕ್ಲಬ್ಬನ್ನು ಎತ್ತಿದವರು. ಅವರು ಏನು ಮಾಡುತ್ತಾರೆ ಅನ್ನುವುದೂ ಗೊತ್ತಿರುವುದೇ: ಸಾಲನ್ನು ಹಿಂದಕ್ಕೆ ಎಳೆಯುತ್ತಾರೆ, ಅದೇ ಹನ್ನೊಂದು ಜನರನ್ನು ವಾರ ವಾರವೂ ಇಳಿಸುತ್ತಾರೆ. ಈ ಎರಡನೆಯ ಅಭ್ಯಾಸವೇ ನನಗೆ ಅಳುಕು ಹುಟ್ಟಿಸುವುದು. ಅವರೇ ಕೋಚ್ ಆಗಿದ್ದ ಕಳೆದ ಸೀಸನ್ನಿನ ಡಿಸೆಂಬರ್‌ನಲ್ಲಿ ಸೌಟರ್ ಹಿಮ್ಮಡಿಯ ಸ್ನಾಯುರಜ್ಜು ಹರಿದುಕೊಂಡರು. ಅದಕ್ಕೂ ಮೊದಲೇ ಆಲಿವರ್ ಅರ್ಬ್ಲಾಸ್ಟರ್ ಮೊಣಕಾಲು ಪೆಟ್ಟಾಗಿ ಸೀಸನ್ ಕಳೆದುಕೊಂಡಿದ್ದರು. ಉಳಿದವರೇ ಎಳೆದಾಡಿಕೊಂಡು ಹೋದರು, ಏಪ್ರಿಲ್‌ನಲ್ಲಿ ದಣಿವು ಕಂಡಿತು. ಆಕ್ಸ್‌ಫರ್ಡ್, ಮಿಲ್ವಾಲ್, ಪ್ಲಿಮತ್ ಎದುರು ಸಾಲಾಗಿ ಮೂರು ಸೋಲು. ಪ್ಲಿಮತ್ ಆ ವರ್ಷ ಹಿಂಬಡ್ತಿ ಪಡೆದ ತಂಡ. ಏಪ್ರಿಲ್ 21ರಂದು ಬರ್ನ್ಲಿಯಲ್ಲಿ 1–2 ಆದಾಗ ನೇರ ಬಡ್ತಿಯ ಬಾಗಿಲು ಮುಚ್ಚಿತು. ಮೀ ಅವರಿಗೆ 36. ಶನಿವಾರ, ಮಂಗಳವಾರ, ಮತ್ತೆ ಶನಿವಾರ ಅಂತ ಮೂರೂ ಆಡಿಸಿದರೆ ಫೆಬ್ರವರಿಯೊಳಗೆ ಅವರೂ ಬೆಂಚಿನ ಮೇಲಿರುತ್ತಾರೆ.

ಪ್ಲೇಆಫ್‌ವರೆಗೆ ಹೋದರೆ? ಅಲ್ಲಿ ಅಂಕಪಟ್ಟಿಗೆ ಬೆಲೆಯಿಲ್ಲ. ಕಳೆದ ಸಲದ ಸಂಡರ್‌ಲ್ಯಾಂಡ್ ನಿಮ್ಮವರಿಗಿಂತ 14 ಅಂಕ ಹಿಂದಿತ್ತು, ಲೀಗಿನ ಕೊನೆಯ ಐದು ಪಂದ್ಯಗಳನ್ನೂ ಸೋತು ಬಂದಿತ್ತು. ವೆಂಬ್ಲಿಯಲ್ಲಿ ಕ್ಯಾಂಪ್‌ಬೆಲ್ ಮೊದಲ ಗೋಲು ಹೊಡೆದು, 76ನೇ ನಿಮಿಷದವರೆಗೂ ನಿಮ್ಮವರೇ ಮುಂದಿದ್ದು, ಕೊನೆಗೆ 90 ನಿಮಿಷ ಮುಗಿದ ಮೇಲಿನ ಇಂಜುರಿ ಟೈಮಿನಲ್ಲಿ ಟಾಮ್ ವಾಟ್ಸನ್ ಹೊಡೆದ ಗೋಲಿಗೆ 1–2. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹತ್ತು ಸಲ ಪ್ಲೇಆಫ್ ಆಡಿ ಒಂದು ಸಲವೂ ಮೇಲೇರದ ಕ್ಲಬ್ಬು ನಿಮ್ಮದು. ಇದನ್ನು ಶಾಪ ಅನ್ನುವವರಿದ್ದಾರೆ, ನಾನು ಅನ್ನುವುದಿಲ್ಲ; ಕೆಲವು ಸಲ ಮೂರನೇ ಸ್ಥಾನದ ನಿರಾಸೆ ಹೊತ್ತುಕೊಂಡ ತಂಡಕ್ಕಿಂತ ಆರನೇ ಸ್ಥಾನಕ್ಕೆ ನುಗ್ಗಿ ಬಂದ ತಂಡ ಹಗುರಾಗಿ ಆಡುತ್ತದೆ. ಈ ಸಲ ಆ ಹಗುರ ನಿಮಗೆ ಸಿಗಬಹುದು.

ಒಂದು ವಿಷಯ ನಿಮ್ಮ ಪತ್ರದಲ್ಲಿ ಇರಲಿಲ್ಲ, ಆದರೆ ಅದೇ ಗಟ್ಟಿ ಚಿಂತೆ. ಪ್ರೀಮಿಯರ್ ಲೀಗ್‌ನಿಂದ ಇಳಿದ ತಂಡಕ್ಕೆ ಬರುವ ಪ್ಯಾರಾಶೂಟ್ ಹಣ ಮೊದಲ ವರ್ಷ ಅಲ್ಲಿನ ಕ್ಲಬ್ಬುಗಳಿಗೆ ಸಮನಾಗಿ ಹಂಚುವ ಪ್ರಸಾರ ಹಣದ ಪಾಲಿನಲ್ಲಿ ಶೇ 55, ಎರಡನೇ ವರ್ಷ ಶೇ 45. ಮೇಲೆ ಒಂದೇ ಸೀಸನ್ ಇದ್ದು ಇಳಿದವರಿಗೆ ಮೂರನೇ ವರ್ಷದ ಶೇ 20 ಇಲ್ಲ. ಶೆಫೀಲ್ಡ್ 2023–24ರಲ್ಲಿ 104 ಗೋಲು ಬಿಟ್ಟುಕೊಟ್ಟು ಇಳಿದದ್ದು ಒಂದೇ ವರ್ಷದ ಮೇಲೆ. ಅಂದರೆ ಇದು ಕೊನೆಯ ಕಂತು. ಈ ಮೇ ತಿಂಗಳಲ್ಲಿ ಬಡ್ತಿ ಸಿಗದಿದ್ದರೆ ಹೇಮರ್‌ನಂಥವರ ಸಂಬಳ ಹೊರುವುದು ಕಷ್ಟ. ಮಾಲೀಕರು ಜನವರಿಯಲ್ಲಿ ಕೊಳ್ಳುತ್ತಾರೋ ಮಾರುತ್ತಾರೋ ಅನ್ನುವುದರಲ್ಲೇ ಅವರ ಲೆಕ್ಕಾಚಾರ ಗೊತ್ತಾಗುತ್ತದೆ.

ಬಳ್ಳಾರಿಯ ಪ್ರಶ್ನೆ. ವಿಜಯನಗರ ಟೌನ್‌ಶಿಪ್ಪಿನ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್‌ನಲ್ಲಿ ಬೆಂಗಳೂರು ಎಫ್‌ಸಿಯ ವಸತಿ ಅಕಾಡೆಮಿ ಇದೆ, ಸರಿ. ಆದರೆ ಆ ಕ್ಲಬ್ಬೇ ಮೆಟ್ಟಿಲು ಹತ್ತಿ ಬಂದದ್ದಲ್ಲ. 2013ರಲ್ಲಿ ಹುಟ್ಟಿದಾಗಲೇ ಆಗ ದೇಶದ ಮೊದಲ ದರ್ಜೆಯ ಲೀಗ್ ಆಗಿದ್ದ ಐ-ಲೀಗ್‌ಗೆ ನೇರ ಪ್ರವೇಶ ಪಡೆದದ್ದು. ಐ-ಲೀಗ್‌ನಿಂದ ಅದರ ಮೇಲಿನ ಐಎಸ್ಎಲ್‌ಗೆ (ಇಂಡಿಯನ್ ಸೂಪರ್ ಲೀಗ್) ಬಡ್ತಿ ಶುರುವಾದದ್ದು 2022–23ರ ಚಾಂಪಿಯನ್ ಪಂಜಾಬ್‌ನಿಂದ, ಮರುವರ್ಷ ಮೊಹಮ್ಮಡನ್ ಸ್ಪೋರ್ಟಿಂಗ್. ನಮ್ಮ ರಾಜ್ಯದ ಉದಾಹರಣೆ ಬೇಕಾದರೆ ಸ್ಪೋರ್ಟಿಂಗ್ ಕ್ಲಬ್ ಬೆಂಗಳೂರು ನೋಡಿ: 2023–24ರಲ್ಲಿ ಐ-ಲೀಗ್ 2 ಗೆದ್ದು ಮೇಲೇರಿತು, ಒಂದೇ ಸೀಸನ್ನಿಗೆ ಕೆಳಗಿಳಿಯಿತು. ಬಳ್ಳಾರಿಯ ಕ್ಲಬ್ಬೊಂದು ಆ ದಾರಿ ಹಿಡಿಯಬೇಕಾದರೆ ಮೊದಲು ರಾಜ್ಯದ ಲೀಗ್ ಆಡಲು 300 ಕಿ.ಮೀ. ದೂರದ ಬೆಂಗಳೂರಿಗೆ ವಾರ ವಾರ ಇಪ್ಪತ್ತು ಜನರನ್ನು ಕರೆದೊಯ್ಯುವ ಖರ್ಚು ಹೊರಬೇಕು, ಏಪ್ರಿಲ್–ಮೇ ಬಿಸಿಲಲ್ಲಿ ಸಂಜೆ ಅಭ್ಯಾಸಕ್ಕೆ ದೀಪವಿರುವ ಹುಲ್ಲಿನ ಮೈದಾನ ಬೇಕು. ಹುಡುಗರ ಕೊರತೆಯಂತೂ ಇಲ್ಲ. ಐಎಸ್ಎಲ್‌ನ 2025–26ರ ವೇಳಾಪಟ್ಟಿಯೇ ಈ ಸೆಪ್ಟೆಂಬರ್‌ವರೆಗೂ ಹೊರಬೀಳದಿರುವಾಗ ಇದಕ್ಕೆ ಹಣ ಹಾಕುವವರನ್ನು ಹುಡುಕುವುದು ಸುಲಭವಲ್ಲ.

ಶಿಫ್ಟ್ ವಿಷಯ: ಅಲ್ಲಿನ ಶನಿವಾರ ಮಧ್ಯಾಹ್ನ 3ರ ಪಂದ್ಯ ನಮಗೆ ಈಗ ಸಂಜೆ 7.30ಕ್ಕೆ. ಅಕ್ಟೋಬರ್ 26ರಂದು ಬ್ರಿಟನ್ನಿನವರು ಗಡಿಯಾರ ಒಂದು ಗಂಟೆ ಹಿಂದಿಡುತ್ತಾರೆ, ಅಲ್ಲಿಂದ ಮಾರ್ಚ್ ಕೊನೆಯವರೆಗೆ ರಾತ್ರಿ 8.30. ಮಂಗಳವಾರ 7.45ರ ಪಂದ್ಯ ಈಗ ನಮ್ಮ ಮಧ್ಯರಾತ್ರಿ 12.15ಕ್ಕೆ, ಆಮೇಲೆ 1.15ಕ್ಕೆ, ಅಂದರೆ ಬುಧವಾರ ಬೆಳಗಿನ ಶಿಫ್ಟ್ ಹಾಕಿಸಿಕೊಳ್ಳಬೇಡಿ.

– ಸಂಪಾದಕ