ನನ್ನ ಮಂಡಿಗೆ ತೋಟ ಮಾರ್ಬೇಡಿ

ಗುರುತು ಸಿಗದಿರಲಿ ಎಂದು ಊರು, ಕೆಲಸ, ಒಂದೆರಡು ಅಂಕಿ ಬದಲಾಯಿಸಿ ಬರೆಯುತ್ತಿದ್ದೇನೆ.

ಮಗ ಕೂರುವ ಮೊದಲೇ ಮಡಚಿದ ಅರ್ಧ ಹಾಳೆಯನ್ನು ಮೇಜಿನ ಮೇಲಿಟ್ಟರು. ಅವರ ತಾಯಿಯ ಮಂಡಿ ಬದಲಾವಣೆ ಆಪರೇಷನ್ನಿಗೆ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆ ಕೊಟ್ಟ ಎಸ್ಟಿಮೇಟ್. ‘ಎರಡೂ ಮಂಡಿ, ರೋಬೋಟಿಕ್, ಸಿಂಗಲ್ ರೂಮ್, 5,80,000’. ಅಷ್ಟೇ. ಯಾವುದಕ್ಕೆ ಎಷ್ಟು ಎಂದು ಒಂದು ಸಾಲೂ ಇಲ್ಲ.

“ಇದನ್ನ ಹೇಗಾದ್ರೂ ಕಮ್ಮಿ ಮಾಡಿಸಬಹುದಾ ಮೇಡಂ?”

ಆಸ್ಪತ್ರೆ ಖರ್ಚಿನ ಬಗ್ಗೆ ಮನೆಯವರಿಗೆ ಸಲಹೆ ಕೊಡುವ ಈ ಕೆಲಸಕ್ಕೆ ಬರುವ ಮೊದಲು ನಾನು ಎಂಟು ವರ್ಷ ಆಸ್ಪತ್ರೆಯೊಂದರ ಬಿಲ್ಲಿಂಗ್ ಕೌಂಟರಿನಲ್ಲಿ ಕೂತವಳು. ಇಂಥ ಹಾಳೆ ನೋಡಿದರೆ ಕೈ ತಾನಾಗಿ ಪೆನ್ನಿಗೆ ಹೋಗುತ್ತದೆ. ಆದರೆ ಅವತ್ತು ತಾಯಿ ಕೂತ ರೀತಿ ನೋಡಿ ಪೆನ್ನು ಕೆಳಗಿಟ್ಟೆ. ತಿಪಟೂರು ಕಡೆಯ ತೆಂಗಿನ ಸೀಮೆಯವರು, 66 ವರ್ಷ. ಎರಡೂ ಕೈ ಊರಿ, ಉಸಿರು ಬಿಗಿಹಿಡಿದು ಕುರ್ಚಿಗೆ ಇಳಿದರು. ನೋವು ಎಷ್ಟಿದೆ ಅಮ್ಮ ಎಂದು ಕೇಳಿದೆ.

“ನಂಗೇನೂ ಇಲ್ಲ ಕಣವ್ವ. ಇವರೇ ಸುಮ್ನೆ ಕರ್ಕೊಂಡು ಬಂದವ್ರೆ.”

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗಳಿಗೆ ಸಿಟ್ಟು ಬಂತು. “ರಾತ್ರಿಯೆಲ್ಲ ನರಳ್ತಾಳೆ, ಇಲ್ಲಿ ಬಂದು ಏನೂ ಇಲ್ಲ ಅಂತಾಳೆ!” ಸೊಸೆ ಗೋಡೆಗೆ ಒರಗಿ ನಿಂತಿದ್ದರು, ಬಾಯಿ ಬಿಡಲಿಲ್ಲ. ನಾನು ಮೂವರನ್ನೂ ಹೊರಗೆ ಟೀ ಕುಡಿಯಲು ಕಳಿಸಿದೆ.

ಒಬ್ಬರೇ ಆದ ಮೇಲೆ ತಾಯಿ ಮಾತಾಡಿದರು. ಮಗ ಯಾರ ಹತ್ತಿರವೋ ಫೋನಿನಲ್ಲಿ ತೋಟದ ರೇಟು ಕೇಳುತ್ತಿದ್ದದ್ದು ಅವರ ಕಿವಿಗೆ ಬಿದ್ದಿತ್ತು. “ನಮ್ಮ ಮಾವನೋರು ನೆಟ್ಟ ಮರ ಅವು. ನನ್ನ ಮಂಡಿಗೆ ತೋಟ ಮಾರ್ಬೇಡಿ ಅಂತ ನೀವಾದ್ರೂ ಹೇಳಿ.” ಇನ್ನೊಂದು ವಿಷಯವೂ ಹೊರಬಂತು. ಬಚ್ಚಲಿಗೆ ಎದ್ದು ಹೋಗುವುದು ಕಷ್ಟ ಎಂದು ಅವರು ನೀರು ಕುಡಿಯುವುದನ್ನೇ ಕಮ್ಮಿ ಮಾಡಿದ್ದರು. ಎರಡು ಸಲ ಉರಿಮೂತ್ರ ಬಂದಿತ್ತು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಹಾಗಾಗಿ ನನ್ನ ಮೊದಲ ಸಲಹೆ ಹಣದ ಬಗ್ಗೆ ಇರಲಿಲ್ಲ. ಎಲ್ಲರನ್ನೂ ಒಳಗೆ ಕರೆದು ಹೇಳಿದೆ: ಇನ್ನು ಮೇಲೆ ದುಡ್ಡಿನ ಮಾತು ಅಮ್ಮನ ಎದುರೇ ಆಗಲಿ. ಬೆನ್ನ ಹಿಂದೆ ಆಡಿದರೆ ಅವರು ಐದು ಲಕ್ಷವನ್ನು ಹತ್ತು ಲಕ್ಷ ಎಂದುಕೊಳ್ಳುತ್ತಾರೆ, ನೋವಿಲ್ಲ ಎಂದು ಸುಳ್ಳು ಹೇಳುತ್ತಾರೆ. ಮಗ ತಲೆ ತಗ್ಗಿಸಿದರು. ತಪ್ಪು ಹೊರಿಸಲು ಹೇಳಿದ್ದಲ್ಲ ಎಂದು ಎರಡು ಸಲ ಸಮಾಧಾನ ಮಾಡಬೇಕಾಯಿತು.

ಆಪರೇಷನ್ ಬೇಕೋ ಬೇಡವೋ ಎನ್ನುವುದು ನಾನು ಹೇಳುವ ಮಾತಲ್ಲ. ಸರ್ಕಾರಿ ಆಸ್ಪತ್ರೆಯ ಮೂಳೆ ವಿಭಾಗದಲ್ಲಿ ಇನ್ನೊಬ್ಬ ವೈದ್ಯರಿಗೆ ತೋರಿಸಿ ಬನ್ನಿ ಎಂದು ಕಳಿಸಿದೆ. ನಿಲ್ಲಿಸಿ ತೆಗೆದ ಎಕ್ಸ್‌ರೇಯಲ್ಲಿ ಬಲ ಮಂಡಿ ಮೂಳೆಗೆ ಮೂಳೆ ತಾಗುವಷ್ಟು ಸವೆದಿತ್ತು. ಎಡಗಡೆಯದು ಅಷ್ಟಿಲ್ಲ. ಈಗ ಬಲಗಾಲಿಗೆ ಮಾಡಿಸಿ, ಎಡಗಾಲು ಆಮೇಲೆ ನೋಡೋಣ ಎಂದರು. ಆದರೆ ಮೂರು ತಿಂಗಳ ಸಕ್ಕರೆ ಮಟ್ಟ ತೋರಿಸುವ ಎಚ್‌ಬಿಎ1ಸಿ 9.1 ಇತ್ತು. ಮೊದಲು ಸಕ್ಕರೆ ಇಳಿಯಬೇಕು, ಮೂತ್ರದ ಸೋಂಕು ಪೂರ್ತಿ ಹೋಗಬೇಕು, ಆಮೇಲೆ ದಿನಾಂಕ ಎಂದರು.

ಮಗನಿಗೆ ಇದು ನಷ್ಟ ಅನ್ನಿಸಿತು. “ಮೂರು ತಿಂಗಳಲ್ಲಿ ರೇಟು ಜಾಸ್ತಿ ಆದ್ರೆ?” ನಾನು ಉಲ್ಟಾ ಲೆಕ್ಕ ತೋರಿಸಿದೆ. ಮಂಡಿ ಆಪರೇಷನ್ನಿನಲ್ಲಿ ಅತಿ ದುಬಾರಿ ವಸ್ತು ರೋಬೋಟ್ ಅಲ್ಲ, ಸೋಂಕು. ಹಾಕಿದ ಮಂಡಿಗೆ ಸೋಂಕು ತಗುಲಿದರೆ ಅದನ್ನು ತೆಗೆದು ಮತ್ತೆ ಹಾಕಬೇಕಾಗಬಹುದು. 2017ರಲ್ಲಿ ಸರ್ಕಾರ ಬೆಲೆ ನಿಗದಿ ಮಾಡಿದಾಗ ಮೊದಲ ಸಲದ ಸಾಮಾನ್ಯ ಇಂಪ್ಲಾಂಟಿಗೆ, ಅಂದರೆ ಒಳಗೆ ಕೂರಿಸುವ ಕೃತಕ ಮಂಡಿಗೆ, 54,720 ರೂಪಾಯಿ ಇಟ್ಟರೆ, ಮರು ಆಪರೇಷನ್ನಿನ ಇಂಪ್ಲಾಂಟಿಗೆ 1,13,950 ಇಟ್ಟಿತ್ತು. ಬರೀ ಲೋಹದ ಖರ್ಚೇ ದುಪ್ಪಟ್ಟು. ಸಕ್ಕರೆ ಇಳಿಸುವ ಮೂರು ತಿಂಗಳು ಬಿಟ್ಟಿ ವಿಮೆ ಇದ್ದ ಹಾಗೆ. ಆ ಸಮಯದಲ್ಲಿ ತೊಡೆಯ ಸ್ನಾಯು ಗಟ್ಟಿಮಾಡುವ ವ್ಯಾಯಾಮ ಕಲಿಯಲಿ, ತೂಕವೂ ಸ್ವಲ್ಪ ಇಳಿಯಲಿ ಎಂದೆ. ಮೈತೂಕ ಒಂದು ಕೆಜಿ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕೆಜಿ ಇಳಿಯುತ್ತದೆ. ಉಳಿದ ಎಡ ಮಂಡಿಗೂ ಅದು ಆಗಿಬರುತ್ತದೆ.

ಆಮೇಲೆ ಪೆನ್ನು ತೆಗೆದುಕೊಂಡೆ.

ಜನ ಇಂಪ್ಲಾಂಟಿನ ಬೆಲೆಯ ಬಗ್ಗೆಯೇ ಹೆಚ್ಚು ಹೆದರುತ್ತಾರೆ. 2017ರ ಆಗಸ್ಟ್‌ಗೆ ಮೊದಲು ಹೆದರುವುದರಲ್ಲಿ ಅರ್ಥವಿತ್ತು. ಆಗ ಸಾಮಾನ್ಯ ಕೋಬಾಲ್ಟ್ ಕ್ರೋಮಿಯಂ ಇಂಪ್ಲಾಂಟಿನ ಸರಾಸರಿ ಎಂಆರ್‌ಪಿ ಒಂದೂವರೆ ಲಕ್ಷ ದಾಟುತ್ತಿತ್ತು. ಈಗ ಅದಕ್ಕೆ ಮಿತಿಯಿದೆ. ಆ 54,720 ಕೂಡ ಒಂದೇ ಮುದ್ದೆಯಲ್ಲ. ತೊಡೆಮೂಳೆಯ ಭಾಗಕ್ಕೆ 24,090, ಕಾಲಿನ ಮೂಳೆಯ ತಟ್ಟೆಗೆ 16,990, ನಡುವಿನ ಪ್ಲಾಸ್ಟಿಕ್ಕಿಗೆ 9,550, ಮಂಡಿಚಿಪ್ಪಿನ ಹಿಂದೆ ಕೂರಿಸುವ ತುಂಡಿಗೆ 4,090. ಜಿಎಸ್‌ಟಿ ಬೇರೆ. ಇವು 2017ರ ಅಂಕಿಗಳು, ಆಪರೇಷನ್ ಹೊತ್ತಿಗೆ ಚಾಲ್ತಿಯಲ್ಲಿರುವ ಮಿತಿ ನೋಡಿಕೊಳ್ಳಿ ಎಂದೆ. ಬಿಲ್ಲಿನಲ್ಲಿ ಇಂಪ್ಲಾಂಟಿನ ಬ್ರ್ಯಾಂಡು, ಕಂಪನಿ, ಬ್ಯಾಚ್ ನಂಬರು ಬೇರೆಯಾಗಿ ಬರಬೇಕು. ಕೇಳುವುದು ನಿಮ್ಮ ಹಕ್ಕು.

ಹಾಗಾದರೆ 5,80,000 ಎಲ್ಲಿಂದ ಬಂತು? ರೂಮು, ಸರ್ಜನ್ ಫೀಸು, ಥಿಯೇಟರ್ ಚಾರ್ಜು, ರೋಬೋಟಿನ ಚಾರ್ಜು, ಔಷಧಿ, ಗ್ಲೌಸು, ಇಂಪ್ಲಾಂಟನ್ನು ಮೂಳೆಗೆ ಅಂಟಿಸುವ ಸಿಮೆಂಟು. ಇವುಗಳಲ್ಲಿ ಮನೆಯವರ ಕೈಯಲ್ಲಿರುವುದು ರೂಮು. ಆದರೆ ಅದನ್ನು ಯಾರೂ ಖರ್ಚು ಎಂದೇ ನೋಡುವುದಿಲ್ಲ, ‘ಅಮ್ಮನಿಗೆ ಆರಾಮಾಗಿರಲಿ’ ಎಂದು ನೋಡುತ್ತಾರೆ.

ಮಗಳ ಕಂಪನಿಯ ಗ್ರೂಪ್ ಆರೋಗ್ಯ ವಿಮೆ ಪಾಲಿಸಿಯಲ್ಲಿ ತಾಯಿಯ ಹೆಸರಿತ್ತು. ಮಗ ಅದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ತಂಗಿಯ ಮುಂದೆ ಕೈ ಚಾಚಿದ ಹಾಗಾಗುತ್ತದೆ ಎಂಬ ಸಂಕೋಚ. ಪಾಲಿಸಿ ತರಿಸಿ ಓದಿದೆವು. ಮೊತ್ತ 3 ಲಕ್ಷ. ರೂಮಿಗೆ ದಿನಕ್ಕೆ 3,000 ಮಿತಿ. ತಂದೆತಾಯಿಯ ಬಿಲ್ಲಿನಲ್ಲಿ ಶೇ 20 ನಾವೇ ಕಟ್ಟಬೇಕು. ಸ್ವಂತವಾಗಿ ಕೊಂಡ ಪಾಲಿಸಿಯಾದರೆ ಸವೆತದ ಮಂಡಿಗೆ ಎರಡು ಮೂರು ವರ್ಷ ಕಾಯಬೇಕಾಗುವುದುಂಟು. ಇದರಲ್ಲಿ ಆ ಷರತ್ತು ಇರಲಿಲ್ಲ.

ಕೇಳಿ ನೋಡಿದರೆ ಎಸ್ಟಿಮೇಟಿನ ಸಿಂಗಲ್ ರೂಮು ದಿನಕ್ಕೆ 6,000. ಮಿತಿಯ ಎರಡು ಪಟ್ಟು. ಎಲ್ಲರೂ ಎಡವುವುದು ಇಲ್ಲೇ. ದಿನಕ್ಕೆ ಬರೀ 3,000 ಜಾಸ್ತಿ ಕಟ್ಟಿದರಾಯಿತು ಎಂದುಕೊಳ್ಳುತ್ತಾರೆ. ಹಾಗಲ್ಲ. ಅರ್ಹತೆಗಿಂತ ದೊಡ್ಡ ರೂಮು ಹಿಡಿದರೆ ಎಷ್ಟೋ ಪಾಲಿಸಿಗಳು ಸರ್ಜನ್ ಫೀಸು, ಥಿಯೇಟರ್, ನರ್ಸಿಂಗ್ ಎಲ್ಲವನ್ನೂ ಅದೇ ಪ್ರಮಾಣದಲ್ಲಿ ಕತ್ತರಿಸುತ್ತವೆ. ಇಂಪ್ಲಾಂಟು, ಔಷಧಿ, ಪರೀಕ್ಷೆಗಳಿಗೆ ಆ ಕತ್ತರಿ ಬೀಳುವಂತಿಲ್ಲ. ಇವರ ಲೆಕ್ಕದಲ್ಲಿ ಕತ್ತರಿ ಬೀಳುವ ಬಾಬತ್ತು 1,20,000 ಎಂದು ಹಿಡಿದೆ. ಅದರಲ್ಲಿ ಅರ್ಧ, ಅಂದರೆ 60,000 ಹೋಯಿತು. ನಾಲ್ಕು ದಿನದ ರೂಮಿನ ವ್ಯತ್ಯಾಸ 12,000. ಒಟ್ಟು 72,000. ಸಾಲದ್ದಕ್ಕೆ ದಿನಕ್ಕೆ 5,000 ದಾಟಿದ ರೂಮಿಗೆ 2022ರ ಜುಲೈಯಿಂದ ಶೇ 5 ಜಿಎಸ್‌ಟಿ. ಇಷ್ಟೆಲ್ಲ ಒಂದು ಬಾಗಿಲಿಗೆ, ಒಂದು ಟಿವಿಗೆ. ತಾಯಿ ಮೊದಲ ಸಲ ನಕ್ಕರು. “ವಾರ್ಡಲ್ಲಿ ಮಾತಾಡೋಕೆ ಜನ ಆದ್ರೂ ಇರ್ತಾರೆ.”

ರೋಬೋಟಿನ ಬಗ್ಗೆ ನನ್ನ ಮಾತು ಚಿಕ್ಕದು. ಅದು ನಿಖರತೆಗೆ ಸಹಾಯ ಮಾಡುತ್ತದೆ. ಆದರೆ ಅನುಭವಿ ಸರ್ಜನ್ ಕೈಯಲ್ಲಿ ಮಾಡಿದ ಮಂಡಿಗಿಂತ ಅದು ಹೆಚ್ಚು ವರ್ಷ ಬಾಳುತ್ತದೆ ಎಂದು ಸಾಬೀತಾಗಿಲ್ಲ. ಸಾಮಾನ್ಯ ರೀತಿಯಲ್ಲಿ ಹಾಕಿದ ಮಂಡಿಗಳೇ ನೂರರಲ್ಲಿ ಸುಮಾರು 82 ಇಪ್ಪತ್ತೈದು ವರ್ಷ ಉಳಿಯುತ್ತವೆ ಎಂದು 2019ರ ದೊಡ್ಡ ಅಧ್ಯಯನವೊಂದು ಹೇಳಿದೆ. ಸಾಲ ಮಾಡಿ ರೋಬೋಟ್ ಕೊಳ್ಳಬೇಡಿ ಎಂದೆ.

ಮತ್ತೆ ಆಸ್ಪತ್ರೆಗೆ ಹೋಗಿ ಒಂದು ಮಂಡಿ, ಮೂರು ಹಾಸಿಗೆಯ ವಾರ್ಡು, ರೋಬೋಟ್ ಇಲ್ಲದೆ, ಬಿಡಿಬಿಡಿಯಾಗಿ ಬರೆದು ಕೊಡಿ ಎಂದು ಕೇಳಿದರು. 2,10,000 ಬಂತು. ಅದರಲ್ಲಿ ವಿಮೆ ಕೊಡದ ಸಣ್ಣಪುಟ್ಟ ಸಾಮಾನು 9,000. ಉಳಿದದ್ದರಲ್ಲಿ ಶೇ 20 ಎಂದರೆ 40,200. ಕೈಯಿಂದ 49,200. ಮಗ ಆ ಅಂಕಿಯ ಕೆಳಗೆ ಎರಡು ಗೆರೆ ಎಳೆದರು.

ಸರ್ಕಾರದ ದಾರಿಯನ್ನೂ ನೋಡಿದ್ದೆವು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ರಕ್ಷಣೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ 30 ಮಾತ್ರ, ಮಿತಿ ಒಂದೂವರೆ ಲಕ್ಷ. ಇವರದ್ದು ಎಪಿಎಲ್ ಕಾರ್ಡ್. ಅದಕ್ಕೇ ಮಗಳ ಪಾಲಿಸಿ ಹಿಡಿದೆವು. ಬಿಪಿಎಲ್ ಕಾರ್ಡ್ ಇದ್ದಿದ್ದರೆ ನಾನು ಅವರನ್ನು ಖಾಸಗಿ ಆಸ್ಪತ್ರೆಯ ಮೆಟ್ಟಿಲು ಹತ್ತಲು ಬಿಡುತ್ತಿರಲಿಲ್ಲ. ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ಈ ಯೋಜನೆಗೆ ದಾರಿ ತೋರಿಸುವ ಆರೋಗ್ಯಮಿತ್ರರ ಹತ್ತಿರ ಕೂರಿಸುತ್ತಿದ್ದೆ. ಸಹಕಾರ ಸಂಘದ ಸದಸ್ಯರಿಗಿರುವ ಯಶಸ್ವಿನಿ ಆರೋಗ್ಯ ಕಾರ್ಡ್ ಇರುವವರೂ ಮಂಡಿ ಬದಲಾವಣೆ ಪಟ್ಟಿಯಲ್ಲಿ ಇದೆಯಾ ಎಂದು ಕೇಳದೆ ನಂಬಿ ಕೂರಬಾರದು.

ಇಷ್ಟಾದರೂ ಸೊಸೆ ಮಾತಾಡಿರಲಿಲ್ಲ. ಆಪರೇಷನ್ ಆದ ಮೇಲೆ ಅಮ್ಮನನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿದೆ. ಮಗನೂ ಮಗಳೂ ಒಟ್ಟಿಗೆ ಸೊಸೆಯ ಕಡೆ ನೋಡಿದರು.

“ಆರು ವಾರ ರಜ ಹಾಕಿದ್ರೆ ಗಾರ್ಮೆಂಟ್ಸ್‌ನಲ್ಲಿ ಮತ್ತೆ ಸೇರಿಸ್ಕೊಳ್ಳಲ್ಲ” ಎಂದರು ಆಕೆ. ಅಷ್ಟೇ.

ಒಂದೂವರೆ ತಿಂಗಳ ಸಂಬಳ, ಅದರ ಜೊತೆ ಕೆಲಸ. ಯಾವ ಎಸ್ಟಿಮೇಟಿನಲ್ಲೂ ಇಲ್ಲದ ಬಾಬತ್ತು. ನಾನು ಅದನ್ನೂ ಹಾಳೆಯಲ್ಲಿ ಬರೆದೆ. ಕೆಳಗೆ ಫಿಸಿಯೋ, ವಾಕರ್ ಬಾಡಿಗೆ, ಬಚ್ಚಲಿಗೆ ಕಮೋಡ್, ಗೋಡೆಗೆ ಹಿಡಿಕೆ. ತುಂಬಾ ಹೊತ್ತು ಚರ್ಚೆಯಾಯಿತು, ಸ್ವಲ್ಪ ಜಗಳವೂ ಆಯಿತು. ಕೊನೆಗೆ ಮೊದಲ ಮೂರು ವಾರ ಮಗಳ ಮನೆ, ಆಕೆ ಮನೆಯಿಂದಲೇ ಕೆಲಸ. ಆಮೇಲೆ ಊರು. ಸೊಸೆ ಒಂದೇ ವಾರ ರಜ. ಫಿಸಿಯೋದವರು ವಾರಕ್ಕೆರಡು ಸಲ ಬಂದು ಕಲಿಸುವುದು, ಉಳಿದ ದಿನ ಮನೆಯವರೇ ಮಾಡಿಸುವುದು. ಇದನ್ನು ಮಾತ್ರ ತಪ್ಪಿಸಬೇಡಿ ಎಂದು ಒತ್ತಿ ಹೇಳಿದೆ. ಫಿಸಿಯೋ ಉಳಿಸಲು ಹೋಗಿ ಮಡಚದ ಮಂಡಿ ಹೊತ್ತು ಬಂದವರನ್ನು ಕಂಡಿದ್ದೇನೆ.

ಎಚ್‌ಬಿಎ1ಸಿ 7.4ಕ್ಕೆ ಬಂದ ಮೇಲೆ, ಫೆಬ್ರವರಿಯಲ್ಲಿ ಆಪರೇಷನ್ ಆಯಿತು. ಬಿಡುಗಡೆಯ ದಿನ ಮಗಳು ಬಿಲ್ಲಿನ ಫೋಟೋ ಕಳಿಸಿದರು. ಮಂಡಿಚಿಪ್ಪಿನ ತುಂಡಿಗೂ ದುಡ್ಡು ಹಾಕಿದ್ದರು. ಆಪರೇಷನ್ ಟಿಪ್ಪಣಿಯಲ್ಲಿ ಚಿಪ್ಪನ್ನು ಮುಟ್ಟಿಲ್ಲ ಎಂದಿತ್ತು. ಕೌಂಟರಿನಲ್ಲಿ ಎರಡೂ ಕಾಗದ ಪಕ್ಕಪಕ್ಕ ಇಟ್ಟು ಕೇಳಿ, ದನಿ ಏರಿಸಬೇಡಿ ಎಂದೆ. ಹತ್ತು ನಿಮಿಷದಲ್ಲಿ ತೆಗೆದರು.

ಮೊನ್ನೆ ತಾಯಿ ಕೋಲು ಹಿಡಿದು ಬಂದಿದ್ದರು. ಕೂರುವಾಗ ಒಂದೇ ಕೈ ಊರಿದರು. ಏಪ್ರಿಲ್‌ನಲ್ಲಿ ಪಾಲಿಸಿ ಹೊಸದಾಗುತ್ತದೆ, ಮತ್ತೆ ಪೂರ್ತಿ 3 ಲಕ್ಷ ಸಿಗುತ್ತದೆ, ಎಡಗಾಲು ಆಗ ಮಾಡಿಸಬಹುದಾ ಎಂದು ಮಗಳು ಕೇಳಿದರು. ಡಾಕ್ಟರು ಹೇಳಲಿ ಎಂದೆ. ತಾಯಿ ಸೆರಗಿನಿಂದ ನಾಲ್ಕಾಗಿ ಮಡಚಿದ ಹಾಳೆ ತೆಗೆದರು. ನಾನು ಬರೆದುಕೊಟ್ಟ ಅದೇ ಲೆಕ್ಕ. “ಈ ಕಾಲಿಗೂ ಒಂದು ಬರ್ಕೊಡಿ. ಸೊಸೆ ರಜದ್ದನ್ನ ಮೊದಲು ಬರೀರಿ” ಎಂದರು.