ಸಂಪಾದಕರ ಉತ್ತರ: ಟೀನಾ ಟರ್ನರ್ ಹಾಡು, ಟೀನಾ ಟರ್ನರ್ ಕತೆ, ಒಂದು ತಕರಾರು

(ಧಾರವಾಡದ ನಿವೃತ್ತ ಶಿಕ್ಷಕರೊಬ್ಬರ ಪತ್ರದ ಸಾರ: ಲಂಡನ್ನಿನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಆಲ್ಡ್‌ವಿಚ್ ಥಿಯೇಟರಿನಲ್ಲಿ ಅಮೆರಿಕದ ಗಾಯಕಿ ಟೀನಾ ಟರ್ನರ್ ಜೀವನದ ಮೇಲಿನ ಸಂಗೀತ ನಾಟಕ ‘ಟೀನಾ’ ನೋಡಿದೆ. ಹಾಡು, ಕುಣಿತ ಜೋರಾಗಿದ್ದವು. ಆದರೆ 1993ರ ಹಾಡನ್ನು 1976ರ ಘಟನೆಗೆ ಹಾಡಿಸಿದ್ದಾರೆ. “ಹಾಡು ಮೊದಲ ಇಟ್ಕೊಂಡು, ಆಮ್ಯಾಲೆ ಕತಿ ಹೊಂದಿಸಿದರ ಅದು ನಾಟಕ ಹೆಂಗ ಆಗ್ತದ್ರೀ? ಆರ್ಕೆಸ್ಟ್ರಾಕ್ಕ ವೇಷ ಹಾಕಿದಂಗ!” ಅದೂ ಅಲ್ಲದೆ, ಯಾರ ಕತೆಯೋ ಅವರೇ ಮುಂದೆ ನಿಂತು ಮಾಡಿಸಿದ ನಾಟಕವನ್ನು ನಂಬುವುದು ಹೇಗೆ? ನ್ಯೂಜೆರ್ಸಿಯ ಮೊಮ್ಮಗ ಮೈಕಲ್ ಜಾಕ್ಸನ್ ಮೇಲಿನ ನಾಟಕಕ್ಕೆ ಕರೆಯುತ್ತಿದ್ದಾನೆ. ಹೋಗಲೋ ಬೇಡವೋ ಹೇಳಿ.)

ಸರ್,

ಹಾಡಿನ ಇಸವಿ ನೀವು ಹೇಳಿದ್ದೇ ಸರಿ. ಗಂಡ ಐಕ್ ಟರ್ನರ್‌ನಿಂದ ಹೊಡೆತ ತಿಂದು ತಿಂದು ಸಾಕಾಗಿ ಟೀನಾ ಹೊರಟುಹೋಗಿದ್ದು 1976ರ ಜುಲೈ ಮೊದಲ ವಾರ, ಡಲ್ಲಾಸ್ ಊರಿನಲ್ಲಿ. ಕೈಯಲ್ಲಿ 36 ಸೆಂಟ್ ಚಿಲ್ಲರೆ, ಒಂದು ಪೆಟ್ರೋಲ್ ಕಾರ್ಡ್. ರಾತ್ರಿ ಹೆದ್ದಾರಿ ದಾಟಿ ಓಡಿ ಎದುರಿನ ಹೋಟೆಲಿನಲ್ಲಿ ರೂಮು ಕೇಳಿದಳು. ನಾಟಕದ ಮೊದಲರ್ಧ ಮುಗಿಯುವುದು ಈ ಘಟನೆಯ ಮೇಲೆ. ಅಲ್ಲಿ ಅವಳು ಹಾಡುವ ‘ಐ ಡೋಂಟ್ ವಾನಾ ಫೈಟ್’ ಹುಟ್ಟಿದ್ದು ಹದಿನೇಳು ವರ್ಷ ತಡವಾಗಿ. ಅದೂ ಅವಳ ಜೀವನದ ಮೇಲೆ ಬಂದ ಸಿನಿಮಾಕ್ಕಾಗಿ. ಬರೆದವರಲ್ಲಿ ಒಬ್ಬಳು ಲುಲು ಅನ್ನುವ ಬ್ರಿಟಿಷ್ ಗಾಯಕಿ.

ನೀವು ಹಿಡಿದಿದ್ದು ಒಂದೇ. ಹುಡುಕಿದರೆ ಇನ್ನೂ ಇವೆ. ಸೇಂಟ್ ಲೂಯಿಸ್‌ನಲ್ಲಿ ಹರೆಯದ ಟೀನಾಗೆ ಸ್ಯಾಕ್ಸೊಫೋನ್ ವಾದಕ ರೇಮಂಡ್ ಹಿಲ್ ಜೊತೆ ಪ್ರೀತಿ ಆಗುತ್ತದಲ್ಲ, ಆಗ ಬರುವ ‘ಲೆಟ್ಸ್ ಸ್ಟೇ ಟುಗೆದರ್’ ಅವಳು ರೆಕಾರ್ಡ್ ಮಾಡಿದ್ದು 1983ರಲ್ಲಿ. ಅದಕ್ಕೂ ಮುಂಚೆ ಅದು ಆಲ್ ಗ್ರೀನ್ ಎಂಬ ಗಾಯಕನ ಹಾಡು. ಐಕ್ ಜೊತೆಗಿನ ದಿನಗಳಲ್ಲಿ ಬರುವ ‘ಬೆಟರ್ ಬಿ ಗುಡ್ ಟು ಮಿ’ 1984ರದ್ದು. ಇಸವಿ ಹಿಡಿದು ತಪ್ಪು ಗುರುತು ಹಾಕುತ್ತಾ ಹೋದರೆ ಇಡೀ ನಾಟಕದ ತುಂಬ ಕೆಂಪು ಶಾಯಿಯೇ ಆಗುತ್ತದೆ.

ಆದರೆ ಈ ಜಾತಿಯ ನಾಟಕವನ್ನು ಇಸವಿಯಲ್ಲಿ ಅಳೆಯಬಾರದು ಅನ್ನುವುದು ನನ್ನ ವಾದ. ಇದಕ್ಕೆ ಜ್ಯೂಕ್‌ಬಾಕ್ಸ್ ಮ್ಯೂಸಿಕಲ್ ಅಂತ ಹೆಸರು. ಜನರಿಗೆ ಮೊದಲೇ ಗೊತ್ತಿರುವ ಹಾಡುಗಳನ್ನು ತೆಗೆದುಕೊಂಡು ಅವುಗಳ ಮೇಲೆ ಕತೆ ಕಟ್ಟುವುದು. ಇಲ್ಲಿ ಕೇಳಬೇಕಾದದ್ದು, ಹಾಡು ಶುರುವಾಗುವಾಗ ಇದ್ದ ಜಾಗದಲ್ಲೇ ಪಾತ್ರ ಹಾಡು ಮುಗಿದಾಗಲೂ ಇದೆಯಾ ಅಂತ. ಅಲ್ಲೇ ಇದ್ದರೆ ಅದು ಆರ್ಕೆಸ್ಟ್ರಾ, ನಿಮ್ಮ ಮಾತು ಒಪ್ಪುತ್ತೇನೆ. ಒಂದು ಹೆಜ್ಜೆ ಆಚೆ ಹೋಗಿದ್ದರೆ ನಾಟಕ.

ದ್ವಿತೀಯಾರ್ಧದ ಶುರುವಿನ ‘ಪ್ರೈವೇಟ್ ಡ್ಯಾನ್ಸರ್’ ನೆನಪಿಸಿಕೊಳ್ಳಿ. ಡೈರ್ ಸ್ಟ್ರೇಟ್ಸ್ ತಂಡದ ಮಾರ್ಕ್ ನಾಫ್ಲರ್ ತನ್ನ ತಂಡಕ್ಕೆ ಅಂತ ಬರೆದು, ಹೆಣ್ಣಿನ ದನಿಗೇ ಸರಿ ಅನ್ನಿಸಿ ಬದಿಗಿಟ್ಟಿದ್ದ ಹಾಡು ಅದು. ದುಡ್ಡಿಗಾಗಿ ಅಪರಿಚಿತ ಗಂಡಸರ ಮುಂದೆ ಕುಣಿಯುವ ಹೆಂಗಸಿನ ಮಾತು. ಟೀನಾ ಜೀವನಕ್ಕೂ ಅದಕ್ಕೂ ಮೂಲದಲ್ಲಿ ಸಂಬಂಧ ಇಲ್ಲ. ಆದರೆ ಗಂಡನನ್ನು ಬಿಟ್ಟ ಮೇಲೆ ರದ್ದಾದ ಕಾರ್ಯಕ್ರಮಗಳ ಸಾಲವೆಲ್ಲ ಅವಳ ತಲೆ ಮೇಲೆ ಬಿತ್ತು. ವಿಚ್ಛೇದನದಲ್ಲಿ ಅವಳು ಪಟ್ಟುಹಿಡಿದು ಉಳಿಸಿಕೊಂಡಿದ್ದು ‘ಟೀನಾ ಟರ್ನರ್’ ಅನ್ನುವ ಹೆಸರನ್ನು. ಹುಟ್ಟು ಹೆಸರು ಅನ್ನಾ ಮೇ ಬುಲ್ಲಕ್. ಆ ಹೆಸರಿನ ಬಲದ ಮೇಲೆ ಲಾಸ್ ವೇಗಸ್ ಅಂಥ ಕಡೆ, ಕುಡಿಯುತ್ತಾ ತಿನ್ನುತ್ತಾ ಕೂತವರ ಮುಂದೆ ಹಾಡಿ ಸಾಲ ತೀರಿಸಬೇಕಾಯಿತು. ಅಲ್ಲಿ ಆ ಹಾಡು ಬಂದಾಗ ಅದರ ಅರ್ಥವೇ ಬದಲಾಗುತ್ತದೆ. ನಾಲ್ಕು ಪುಟದ ಸಂಭಾಷಣೆ ಬರೆದರೂ ಅಷ್ಟು ಬರುತ್ತಿರಲಿಲ್ಲ.

ಇನ್ನೊಂದು ಸಂಗತಿ. ‘ಅವಳ ಹಾಡಿನಲ್ಲಿ ಅವಳ ಕತೆ’ ಅಂತ ಜಾಹೀರಾತಿನವರು ಹೇಳುತ್ತಾರಲ್ಲ, ಆ ಹಾಡುಗಳನ್ನು ಬರೆದವರು ಯಾರು? ‘ವಾಟ್ಸ್ ಲವ್ ಗಾಟ್ ಟು ಡೂ ವಿತ್ ಇಟ್’ ಟೆರಿ ಬ್ರಿಟನ್ ಮತ್ತು ಗ್ರಹಾಂ ಲೈಲ್ ಅವರದ್ದು. ‘ದಿ ಬೆಸ್ಟ್’ ಅನ್ನು ಅವಳಿಗಿಂತ ಮುಂಚೆ ಬಾನಿ ಟೈಲರ್ ಹಾಡಿದ್ದಳು. ‘ಪ್ರೌಡ್ ಮೇರಿ’ 1969ರಲ್ಲಿ ಜಾನ್ ಫೋಗರ್ಟಿ ತನ್ನ ತಂಡಕ್ಕೆ ಬರೆದು ಹಾಡಿದ್ದು. ದೊಡ್ಡ ಹಾಡುಗಳಲ್ಲಿ ಅವಳೇ ಬರೆದದ್ದು ಅಂದರೆ ತಾನು ಬೆಳೆದ ಊರಿನ ಮೇಲಿನ ‘ನಟ್‌ಬುಷ್ ಸಿಟಿ ಲಿಮಿಟ್ಸ್’, 1973ರಲ್ಲಿ. ಮಿಕ್ಕಿದ್ದೆಲ್ಲ ಬೇರೆಯವರ ಮಾತು. ಅದನ್ನು ಬಾಯಿಗೆ ತೆಗೆದುಕೊಂಡು ತನ್ನದು ಮಾಡಿಕೊಳ್ಳುವುದೇ ಅವಳ ವಿದ್ಯೆ. ‘ಪ್ರೌಡ್ ಮೇರಿ’ಯನ್ನು ಮೆಲ್ಲಗೆ, ಮಾತಾಡುತ್ತಾ ಶುರು ಮಾಡಿ, ಅರ್ಧಕ್ಕೆ ಬಂದು ಒಮ್ಮೆಲೇ ಓಟ ಕಿತ್ತದ್ದು ಇವಳು. 1971ರಿಂದ ಈಚೆಗೆ ಜನ ಅದನ್ನು ಅವಳ ಹಾಡು ಅಂತಲೇ ತಿಳಿದಿದ್ದಾರೆ. ಹೀಗಿರುವಾಗ ನಾಟಕದವರು 1993ರ ಹಾಡನ್ನು 1976ಕ್ಕೆ ಕೊಂಡುಹೋದರೆ ಅವಳೇನು ಬೇಜಾರು ಮಾಡಿಕೊಳ್ಳುವವಳಾಗಿರಲಿಲ್ಲ. ಅವಳು ಜೀವನಪೂರ್ತಿ ಮಾಡಿದ್ದೂ ಅದನ್ನೇ ಅಲ್ವಾ?

ನನಗೆ ಇಡೀ ನಾಟಕದಲ್ಲಿ ಜಾಸ್ತಿ ಹಿಡಿಸಿದ್ದು ಮಾತ್ರ ಹಾಡು ತನ್ನ ಜಾಗದಲ್ಲೇ ಬರುವ ದೃಶ್ಯ. 1966. ಫಿಲ್ ಸ್ಪೆಕ್ಟರ್ ಎಂಬ ಹಟಮಾರಿ ನಿರ್ಮಾಪಕ ‘ರಿವರ್ ಡೀಪ್, ಮೌಂಟನ್ ಹೈ’ ರೆಕಾರ್ಡಿಂಗಿಗೆ ಅವಳೊಬ್ಬಳನ್ನೇ ಕರೆಯುತ್ತಾನೆ. ಐಕ್‌ಗೆ ದುಡ್ಡು ಕೊಟ್ಟು, ಸ್ಟುಡಿಯೋದಿಂದ ದೂರ ಇರಪ್ಪಾ ಅಂತ ಒಪ್ಪಿಸಿದ್ದ. ಆ ದಿನದವರೆಗೆ ಅವಳು ಹೇಗೆ ಹಾಡಬೇಕು, ಎಲ್ಲಿ ಕಿರುಚಬೇಕು ಅನ್ನುವುದನ್ನು ಗಂಡನೇ ಹೇಳುತ್ತಿದ್ದ. ಸ್ಪೆಕ್ಟರ್ ಕೇಳುವುದು ಬೇರೆ: ಕಿರುಚಬೇಡ, ರಾಗಕ್ಕೆ ಅಂಟಿಕೊಂಡು ಹಾಡು. ಮತ್ತೆ ಹಾಡು. ಮತ್ತೆ. ನಿಜ ಜೀವನದಲ್ಲಿ ಅಂಗಿ ಬೆವರಿನಲ್ಲಿ ನೆಂದು ಬಿಚ್ಚಿಟ್ಟು ಹಾಡಿದಳಂತೆ, ಅಷ್ಟು ಸಲ. ಆ ಹಾಡು ಅಮೆರಿಕದಲ್ಲಿ 88ನೇ ಸ್ಥಾನಕ್ಕಿಂತ ಮೇಲೆ ಹೋಗಲಿಲ್ಲ. ಬ್ರಿಟನ್ನಿನಲ್ಲಿ 3ನೇ ಸ್ಥಾನ. ಮುಂದೆ ಎಂಬತ್ತರ ದಶಕದಲ್ಲಿ ಅವಳ ಕೈಹಿಡಿದಿದ್ದು ಲಂಡನ್ನೇ. ‘ಪ್ರೈವೇಟ್ ಡ್ಯಾನ್ಸರ್’ ಆಲ್ಬಮ್ ಬಹುಪಾಲು ತಯಾರಾದದ್ದೂ ಅಲ್ಲೇ. ಗಂಡ ಇಲ್ಲದ ಕೋಣೆಯಲ್ಲಿ ತನ್ನ ದನಿ ಹೇಗಿದೆ ಅಂತ ಅವಳು ಮೊದಲ ಸಲ ಕೇಳಿಸಿಕೊಳ್ಳುವುದು ಆ ದೃಶ್ಯ. ಅದಕ್ಕೆ ಇಸವಿ ತಿದ್ದುವ ಅಗತ್ಯವೇ ಬರಲಿಲ್ಲ.

ಆರ್ಕೆಸ್ಟ್ರಾ ಅಂದಿರಲ್ಲ, ಅದು ಕೊನೆಗೆ ಖಂಡಿತ ನಿಜ. ನಟರು ಬಂದು ನಮಸ್ಕಾರ ಮಾಡಿದ ಮೇಲೆ ಬ್ಯಾಂಡು ಮತ್ತೆ ಹಿಡಿದುಕೊಳ್ಳುತ್ತದೆ, ‘ನಟ್‌ಬುಷ್’, ‘ಪ್ರೌಡ್ ಮೇರಿ’ ಬರುತ್ತವೆ, ಜನ ಎದ್ದು ಕುಣಿಯುತ್ತಾರೆ. ಕತೆ ಮುಗಿದಿದೆ, ಇನ್ನು ಟಿಕೆಟ್ ದುಡ್ಡು ವಸೂಲಿ. ಅದಕ್ಕೆ ಧಾರವಾಡದವರು ನೀವೇ ಮೂಗು ಮುರಿದರೆ ಹೇಗೆ ಸರ್? ಕಂಪನಿ ನಾಟಕಗಳಲ್ಲಿ ‘ಒನ್ಸ್ ಮೋರ್’ ಬಿದ್ದರೆ ಸತ್ತ ಪಾತ್ರ ಎದ್ದು ಕೂತು, ಇನ್ನೊಮ್ಮೆ ಹಾಡಿ, ಮತ್ತೆ ಸಾಯುತ್ತಿತ್ತು ಅಂತ ಹಿರಿಯರು ಹೇಳುವುದನ್ನು ನೀವು ನನಗಿಂತ ಜಾಸ್ತಿ ಕೇಳಿರುತ್ತೀರಿ. ಮರಾಠಿ ರಂಗದ ಬಾಲಗಂಧರ್ವರ ಹಾಡು ಕೇಳಲು ಜನ ಕತೆ ಗೊತ್ತಿದ್ದ ನಾಟಕಕ್ಕೇ ಮತ್ತೆ ಮತ್ತೆ ಹೋಗುತ್ತಿದ್ದರು.

ಹಾಗಂತ ಒಳ್ಳೆ ಹಾಡಿದ್ದರೆ ಸಾಕು, ನಾಟಕ ಓಡುತ್ತದೆ ಅಂತಲ್ಲ. 2005ರಲ್ಲಿ ನ್ಯೂಯಾರ್ಕಿನ ದೊಡ್ಡ ನಾಟಕಗಳ ಕೇಂದ್ರವಾದ ಬ್ರಾಡ್‌ವೇಯಲ್ಲಿ ಬೀಟಲ್ಸ್ ತಂಡದ ಜಾನ್ ಲೆನನ್ ಮೇಲೆ ಒಂದು ಬಂತು. ಆತನ ಹಾಡಿಗೇನು ಕೊರತೆ? 49 ಪ್ರದರ್ಶನಕ್ಕೆ ಮುಗಿಯಿತು. ಅದೇ ವರ್ಷ ಬಂದ ‘ಜರ್ಸಿ ಬಾಯ್ಸ್’ 4,642 ಪ್ರದರ್ಶನ ಕಂಡಿತು. ಫೋರ್ ಸೀಸನ್ಸ್ ತಂಡದ ನಾಲ್ವರೂ ಸರದಿ ಮೇಲೆ ಬಂದು ‘ನಡೆದದ್ದು ಹೀಗೆ’ ಅನ್ನುತ್ತಾರೆ, ಒಬ್ಬರ ಮಾತು ಇನ್ನೊಬ್ಬರಿಗೆ ಹೊಂದುವುದಿಲ್ಲ. ಕೂತವರಿಗೆ ಯಾರನ್ನು ನಂಬಬೇಕು ಅಂತ ಯೋಚಿಸುವ ಕೆಲಸ ಸಿಗುತ್ತದೆ.

ನಂಬಿಕೆ ಅಂದ ಕೂಡಲೇ ನಿಮ್ಮ ಎರಡನೇ ತಕರಾರಿಗೆ ಬರಬೇಕು. ಪತ್ರದ ಗಟ್ಟಿ ಭಾಗ ಅದೇ.

ಇದರ ಹಿಂದೆ ಒಂದು ವ್ಯವಹಾರ ಇದೆ. ಅಮೆರಿಕದಲ್ಲಿ ಹೆಸರಾಂತ ವ್ಯಕ್ತಿಯ ಜೀವನದ ಘಟನೆಗಳನ್ನು ಇಟ್ಟುಕೊಂಡು ನಾಟಕ ಬರೆಯಲು ಅವರ ಒಪ್ಪಿಗೆ ಬೇಕೇ ಬೇಕು ಅಂತಿಲ್ಲ. ಹಾಡಿಗೆ ಬೇಕು. ಹೋಟೆಲಿನಲ್ಲಿ, ಸಂಗೀತ ಕಛೇರಿಯಲ್ಲಿ ಹಾಡಿಸಲು ಹಕ್ಕುದಾರರ ಸಂಘಕ್ಕೆ ಒಟ್ಟಾರೆ ಶುಲ್ಕ ಕಟ್ಟಿದರೆ ಆಯಿತು. ಅದೇ ಹಾಡನ್ನು ಪಾತ್ರದ ಬಾಯಲ್ಲಿಟ್ಟು ಕತೆ ಹೇಳಿಸಿದರೆ ಆ ಶುಲ್ಕ ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕೆ ಗ್ರ್ಯಾಂಡ್ ರೈಟ್ಸ್ ಅನ್ನುತ್ತಾರೆ. ಒಂದೊಂದು ಹಾಡಿನ ಮಾಲೀಕರ ಜೊತೆಗೂ ನೇರವಾಗಿ ಕೂತು ಮಾತಾಡಬೇಕು. ಅವರು ಇಲ್ಲ ಅಂದರೆ ಮುಗಿಯಿತು. ಹಾಡೇ ಇಲ್ಲದ ಗಾಯಕಿಯ ನಾಟಕಕ್ಕೆ ಯಾರು ಬರುತ್ತಾರೆ? ಹೀಗಾಗಿ ಗಾಯಕರನ್ನೋ ಅವರ ವಾರಸುದಾರರನ್ನೋ ಎದುರು ಹಾಕಿಕೊಂಡು ಇಂಥ ನಾಟಕ ಕಟ್ಟುವುದು ಕಷ್ಟ. ಹಾಡಿನ ಬೀಗದ ಕೈ ಹಿಡಿದವರೇ ಕತೆಯ ಯಾವ ಬಾಗಿಲು ತೆಗೆಯಬೇಕು ಅಂತಲೂ ಹೇಳುತ್ತಾರೆ.

‘ಟೀನಾ’ ವಿಷಯದಲ್ಲಿ ಟೀನಾ ತಾನೇ ನಿರ್ಮಾಣದಲ್ಲಿ ಇದ್ದಳು. ಕಟೋರಿ ಹಾಲ್ ಎಂಬ ನಾಟಕಕಾರ್ತಿ ಇಬ್ಬರು ಡಚ್ ಬರಹಗಾರರ ಜೊತೆ ಸೇರಿ ಬರೆದದ್ದು, ಫಿಲಿಡಾ ಲಾಯ್ಡ್ ನಿರ್ದೇಶನ. 1999ರಲ್ಲಿ ಅಬ್ಬಾ ಎಂಬ ಸ್ವೀಡನ್ ತಂಡದ ಹಾಡುಗಳ ಮೇಲೆ ‘ಮಮ್ಮಾ ಮಿಯಾ’ ಮಾಡಿ ಈ ಜಾತಿಗೆ ಮಾರುಕಟ್ಟೆ ತೆರೆದವರೂ ಇದೇ ಲಾಯ್ಡ್. 2018ರ ಏಪ್ರಿಲಿನಲ್ಲಿ ಲಂಡನ್, ಮರುವರ್ಷ ನವೆಂಬರಿನಲ್ಲಿ ಬ್ರಾಡ್‌ವೇ. ಎರಡೂ ಕಡೆ ಮೊದಲು ಟೀನಾ ಆಗಿದ್ದ ಏಡ್ರಿಯೆನ್ ವಾರೆನ್‌ಗೆ ಬ್ರಾಡ್‌ವೇ ನಾಟಕಗಳಿಗೆ ಕೊಡುವ ಟೋನಿ ಪ್ರಶಸ್ತಿ ಬಂತು. ಸರಿ, ಮಾಲಕಿಯೇ ಕೂತು ಮಾಡಿಸಿದ್ದಾಳೆ. ಏನನ್ನು ಮುಚ್ಚಿಟ್ಟಳು? ಹೊಡೆತ ಮುಚ್ಚಲಿಲ್ಲ, ರಂಗದ ಮೇಲೆ ನೋಡಲಾರದಷ್ಟು ಇದೆ. ಬಿಟ್ಟುಹೋದ ತಾಯಿಯನ್ನೂ ಮುಚ್ಚಲಿಲ್ಲ. ನನಗೆ ಕಡಿಮೆ ಅನ್ನಿಸಿದ್ದು ಐಕ್. ಅವನು ದುಷ್ಟ ಅನ್ನುವುದರಲ್ಲಿ ತಕರಾರಿಲ್ಲ. ಆದರೆ 1951ರಲ್ಲಿ ಅವನ ತಂಡ ಮೆಂಫಿಸ್‌ನಲ್ಲಿ ಮಾಡಿದ ‘ರಾಕೆಟ್ 88’ ಮೊದಲ ರಾಕ್ ಅಂಡ್ ರೋಲ್ ರೆಕಾರ್ಡು ಅಂತ ಹೇಳುವವರು ಬಹಳ. ರೆಕಾರ್ಡಿನ ಮೇಲೆ ಅಚ್ಚಾದದ್ದು ಹಾಡುಗಾರ ಜಾಕಿ ಬ್ರೆನ್‌ಸ್ಟನ್ ಹೆಸರು, ಐಕ್‌ದಲ್ಲ. (ಸ್ಯಾಕ್ಸೊಫೋನ್ ನುಡಿಸಿದವನು ಮೇಲೆ ಹೇಳಿದ ರೇಮಂಡ್ ಹಿಲ್!) ನಾಟಕದಲ್ಲಿ ಆ ಹಾಡು ಬಂದು ಹೋಗುತ್ತದೆ. ಅದರ ಹಿಂದಿದ್ದ ಕಹಿ ಅಷ್ಟು ಹೊತ್ತು ನಿಲ್ಲುವುದಿಲ್ಲ. ಐಕ್ 2007ರಲ್ಲೇ ಸತ್ತಿದ್ದ, ತನ್ನ ಪರ ಮಾತಾಡಲು ಇರಲಿಲ್ಲ. ಲಂಡನ್ನಿನಲ್ಲಿ ಮೊದಲು ಆ ಪಾತ್ರ ಮಾಡಿದ ಕೋಬ್ನಾ ಹೋಲ್ಡ್‌ಬ್ರೂಕ್-ಸ್ಮಿತ್‌ಗೆ ಲಂಡನ್ ರಂಗಭೂಮಿಯ ಒಲಿವಿಯೆ ಪ್ರಶಸ್ತಿ ಬಂದಿದ್ದು ಸುಮ್ನೆ ಅಲ್ಲ. ಬರಹ ಬಿಟ್ಟಿದ್ದನ್ನು ನಟ ತುಂಬಬೇಕಾದ ಪಾತ್ರ ಅದು.

ಇನ್ನೊಂದು ನೋಡಬೇಕಾದದ್ದು, ಗಡಿಯಾರವನ್ನು ಎಲ್ಲಿ ನಿಲ್ಲಿಸಿದ್ದಾರೆ ಅನ್ನುವುದು. ‘ಟೀನಾ’ ಶುರುವಾಗುವುದೂ ಮುಗಿಯುವುದೂ 1988ರ ಜನವರಿಯ ರಿಯೊ ಡಿ ಜನೈರೊ ಸಂಗೀತ ಕಚೇರಿಯಲ್ಲಿ. ಮಾರಕಾನಾ ಕ್ರೀಡಾಂಗಣ, 1,80,000 ಜನ. ವೇದಿಕೆಗೆ ಹೋಗುವ ಮುಂಚೆ ಅವಳು ಕೂತು ಬೌದ್ಧ ಮಂತ್ರ ಜಪಿಸುತ್ತಾಳೆ. ಆಮೇಲಿನ ಕಾಯಿಲೆಗಳು, ಎರಡನೇ ಗಂಡ ಅರ್ವಿನ್ ಬಾಕ್ 2017ರಲ್ಲಿ ಮೂತ್ರಪಿಂಡ ಕೊಟ್ಟಿದ್ದು ಯಾವುದೂ ಇಲ್ಲ. ಗೆದ್ದ ಕಡೆ ನಿಲ್ಲಿಸಿದ್ದಾರೆ. ಇದು ಆಯ್ಕೆ, ಒಪ್ಪಬಹುದು. ಬಿಟ್ಟದ್ದರಿಂದ ಹೇಳಿದ್ದು ಸುಳ್ಳಾಗುವುದಿಲ್ಲ.

ನಿಮ್ಮ ಮೊಮ್ಮಗ ಕರೆಯುತ್ತಿರುವ ಮೈಕಲ್ ಜಾಕ್ಸನ್ ನಾಟಕ ‘ಎಂಜೆ’ ಹಾಗಲ್ಲ. ನ್ಯೂಯಾರ್ಕಿನ ನೀಲ್ ಸೈಮನ್ ಥಿಯೇಟರಿನಲ್ಲಿ 2022ರ ಫೆಬ್ರುವರಿ 1ಕ್ಕೆ ಶುರುವಾದದ್ದು. ಬರೆದವರು ಎರಡು ಸಲ ಪುಲಿಟ್ಜರ್ ಪಡೆದ ಲಿನ್ ನಾಟೇಜ್. ನಿರ್ದೇಶನ, ನೃತ್ಯ ಸಂಯೋಜನೆ ಕ್ರಿಸ್ಟೋಫರ್ ವೀಲ್ಡನ್, ಬ್ಯಾಲೆ ಲೋಕದಿಂದ ಬಂದವರು. ಜಾಕ್ಸನ್ ಆಸ್ತಿ ನೋಡಿಕೊಳ್ಳುವವರ ಒಪ್ಪಂದದ ಮೇಲೆ ಆದ ನಾಟಕ. ಕತೆ ನಡೆಯುವುದು 1992ರಲ್ಲಿ, ‘ಡೇಂಜರಸ್’ ವಿಶ್ವ ಪ್ರವಾಸದ ತಾಲೀಮಿನಲ್ಲಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯದ ಆರೋಪ ಮೊದಲು ಹೊರಬಂದದ್ದು 1993ರಲ್ಲಿ. 1994ರಲ್ಲಿ ಆ ದಾವೆ ಹಣ ಕೊಟ್ಟು ರಾಜಿಯಾಯಿತು. 2005ರಲ್ಲಿ ಬೇರೊಂದು ಮೊಕದ್ದಮೆಯಲ್ಲಿ ನ್ಯಾಯಾಲಯ ಅವನನ್ನು ಖುಲಾಸೆ ಮಾಡಿತು. ಯಾರು ಏನೇ ನಂಬಲಿ, ಅವನ ಕತೆ ಹೇಳುವವರು ಇದನ್ನು ದಾಟಿ ಹೋಗುವ ಹಾಗಿಲ್ಲ. ನಾಟಕ ಒಂದೇ ಒಂದು ವರ್ಷ ಮೊದಲು ಗಡಿಯಾರ ನಿಲ್ಲಿಸಿ, ದಾಟುವ ಕೆಲಸವನ್ನೇ ತಪ್ಪಿಸಿಕೊಂಡಿದೆ. ತಂದೆಯ ಕ್ರೌರ್ಯ ಇದೆ, ನೋವು ನಿವಾರಕ ಮಾತ್ರೆ ಇದೆ. ಆ ಆರೋಪ ಮಾತ್ರ ಇಲ್ಲ. ಇಸವಿಯ ಮೇಲೆ ಸಿಟ್ಟಾಗುವುದಾದರೆ ಇಲ್ಲಿ ಆಗಿ ಸರ್. ಇಲ್ಲಿ ತಕರಾರು ಹಾಡಿನ ಇಸವಿಯದ್ದಲ್ಲ, ಗಡಿಯಾರ ನಿಲ್ಲಿಸಿದ ಇಸವಿಯದ್ದು. ಹೀಗಾಗಿ ನನಗೆ ‘ಟೀನಾ’ ಮೇಲಿರುವ ನಂಬಿಕೆ ಇದರ ಮೇಲೆ ಬರುವುದಿಲ್ಲ.

ಹೋಗಬೇಡಿ ಅನ್ನುವುದಿಲ್ಲ. ನೃತ್ಯ ಸಂಯೋಜನೆಗೆ ಟೋನಿ ಬಂದಿದೆ, ಅದು ಸಲ್ಲಬೇಕಾದದ್ದೇ. ಆದಷ್ಟು ಮಧ್ಯದ ಸೀಟು ತೆಗೆಸಿ, ಬದಿಯಲ್ಲಿ ಕೂತರೆ ಗುಂಪು ನೃತ್ಯದ ಸಾಲು ಅರ್ಧ ಕಾಣುವುದಿಲ್ಲ. ಮೊಮ್ಮಗನಿಗೆ ತಿಳಿವಳಿಕೆಯ ವಯಸ್ಸಾಗಿದ್ದರೆ 1992ರ ಆಚೆ ಏನಾಯಿತು ಅಂತ ನಾಟಕಕ್ಕೆ ಮುಂಚೆಯೇ ಹೇಳಿಬಿಡಿ, ಆಮೇಲೆ ಒಳಗೆ ಕರೆದುಕೊಂಡು ಹೋಗಿ. ನೋಡಿ ಬಂದು ಇಬ್ಬರೂ ಬರೆದರೆ ಎರಡೂ ಪತ್ರ ಹಾಕುತ್ತೇವೆ.

— ಸಂಪಾದಕ